ಸಾಹಸವೂ ಒಪ್ಪಿಗೆಯೂ

ಬೆಟ್ಟದ ನೆತ್ತಿಯಲ್ಲಿ ಸಾಹಸಕ್ರೀಡೆಗಳಿಗೆಂದೇ ಏರ್ಪಟ್ಟಿರುವ ಒಂದು ಉದ್ಯಾನಕ್ಕೆ ಮೊಮ್ಮಗನನ್ನು ಕರೆದುಕೊಂಡು ಹೋಗತಕ್ಕ ಪ್ರಸಂಗವು ಈ ಚಳಿಗಾಲದ ರಜದಲ್ಲಿ ನನಗೆ ಒದಗಿರುವುದು. ಹುಡುಗನಿಗೆ ಹದಿಮೂರು ವರ್ಷ. ಬೆಂಗಳೂರಿನಲ್ಲಿ ಓದುತ್ತಿರುವವನು, ರಜಕ್ಕೆಂದು ನಮ್ಮ ಊರಿಗೆ, ಎಂದರೆ ಶಿರಸಿಯ ಸೀಮೆಯ ಅಡಕೆತೋಟದ ನಡುವಿನ ಹಳೆಯ ಮನೆಗೆ ಬಂದಿದ್ದಾನೆ. ಬಂದ ದಿನವೇ ತನ್ನ ಯೋಜನೆಯನ್ನು ನನ್ನ ಮುಂದೆ ಇಟ್ಟನು. ಯಾವ ದಿನ ಹೊರಡುವುದು, ಯಾವ ಬಸ್ಸು, ಬುತ್ತಿಗೆ ಏನು, ಮಂಜು ಹರಿಯುವ ಹೊತ್ತಿಗೆ ಮೇಲೆ ತಲಪಬೇಕಾದರೆ ಎಷ್ಟು ಗಂಟೆಗೆ ಏಳಬೇಕು, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದಿದ್ದನು. ಕಣಿವೆಯ ಮೇಲೆ ಎಳೆದು ಕಟ್ಟಿದ ಉಕ್ಕಿನ ಹಗ್ಗಕ್ಕೆ ರಾಟೆಯನ್ನು ಸಿಕ್ಕಿಸಿ, ಅದಕ್ಕೆ ತೂಗಿಕೊಂಡು ಈ ಗುಡ್ಡದಿಂದ ಆ ಗುಡ್ಡಕ್ಕೆ ಜಾರುವುದು. ಮರದಿಂದ ಮರಕ್ಕೆ ಕಟ್ಟಿದ ಹಗ್ಗದ ಸೇತುವೆಯ ಮೇಲೆ ನಡೆಯುವುದು. ಬಂಡೆಯನ್ನು ಹತ್ತಿ ಹಗ್ಗವನ್ನು ಹಿಡಿದು ಇಳಿಯುವುದು. ಇವು ಅಲ್ಲಿಯ ಮುಖ್ಯ ಆಟಗಳಂತೆ. ನಾನು ಐವತ್ತು ವರ್ಷಗಳಲ್ಲಿ ಕೈಕೊಂಡ ಯಾವ ಯಾತ್ರೆಗೂ ಇಷ್ಟು ಅಚ್ಚುಕಟ್ಟಾದ ಸಿದ್ಧತೆಯನ್ನು ಮಾಡಿದ್ದಿಲ್ಲ.

ಅವನ ಹಾಳೆಯಲ್ಲಿ ಬಿಟ್ಟುಹೋಗಿದ್ದ ಸಂಗತಿ ಒಂದೇ. ಉದ್ಯಾನದವರು ಮುಂದಾಗಿ ಕಳುಹಿಸಿದ ಒಪ್ಪಿಗೆಪತ್ರವೊಂದಕ್ಕೆ ತಂದೆ, ತಾಯಿ ಅಥವಾ ಜೊತೆಯಲ್ಲಿ ಬರುವ ಹಿರಿಯರು ಸಹಿ ಮಾಡಬೇಕಾಗಿದ್ದಿತು. ಮಗಳಿಗೆ ಅದನ್ನು ದೂರವಾಣಿಯಲ್ಲಿ ಓದಿ ಹೇಳಿದೆನು. "ಅಪ್ಪಯ್ಯ, ಕರೆದುಕೊಂಡು ಹೋಗುವವರು ನೀವು. ನಿಮಗೆ ಸರಿ ಕಂಡರೆ ಸಹಿ ಹಾಕಿ" ಎಂದಳು. ಮಗಳು ಹೀಗೆ ಭಾರವನ್ನು ನನ್ನ ಮೇಲಿಟ್ಟ ಬಳಿಕ, ಯಾವ ಕಾಗದಕ್ಕಾದರೂ ಓದದೆ ಸಹಿ ಹಾಕುವ ನಮ್ಮೆಲ್ಲರ ಅಭ್ಯಾಸವನ್ನು ಬಿಟ್ಟು, ಆ ಪತ್ರವನ್ನು ಎರಡು ಮೂರು ಸಲ ಓದಿದೆನು. ಓದಿದ ಮೇಲೆ ಲೇಖನಿಯನ್ನು ಕೆಳಗಿಟ್ಟೆನು. ಏತಕ್ಕೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಸಾಹಸವನ್ನು ಬಯಸುವುದೇ ತಪ್ಪೆಂಬ ಪಕ್ಷಕ್ಕೆ ನಾನು ಸೇರಿದವನಲ್ಲ. ನಮ್ಮ ಕೇರಿಯ ಮಿತ್ರರೊಬ್ಬರು ಈ ವಿಷಯದಲ್ಲಿ ಬಹಳ ಕಠಿಣರು. ಭಯವನ್ನು ದುಡ್ಡು ಕೊಟ್ಟು ಕೊಳ್ಳುವವನಿಗೆ ದುಡ್ಡೂ ಹೆಚ್ಚಾಗಿದೆ, ಬುದ್ಧಿಯೂ ಕಡಮೆಯಾಗಿದೆ ಎನ್ನುತ್ತಾರೆ. ಆದರೆ ಮಳೆಗಾಲದಲ್ಲಿ ತುಂಬಿ ಹರಿಯುವ ಹಳ್ಳಕ್ಕೆ ಕಾಲುಸಂಕದಿಂದ ಹಾರಿದ ನೆನಪು ನನಗಿರುವುದು. ಆ ಮಿತ್ರರೂ ನನ್ನ ಬೆನ್ನಹಿಂದೆಯೇ ಹಾರಿದವರು. ತನ್ನ ಕೈಕಾಲುಗಳು ತನ್ನ ಮಾತನ್ನು ಎಷ್ಟರಮಟ್ಟಿಗೆ ಕೇಳುತ್ತವೆಂಬುದನ್ನು ಬಾಲಕನಾದವನು ಎಲ್ಲಿಯಾದರೂ ಪರೀಕ್ಷಿಸಿ ನೋಡಲೇಬೇಕು. ಹಳ್ಳವಿಲ್ಲದ ನಗರದ ಮಕ್ಕಳು ಅದನ್ನು ಚೀಟಿ ಕೊಂಡು ಪರೀಕ್ಷಿಸಿದರೆ ಅದರಲ್ಲಿ ನಗತಕ್ಕದ್ದೇನೂ ಇಲ್ಲ. ಹಗ್ಗದ ಸೇತುವೆಯ ಮೇಲೆ ನಡೆಯುವವನ ಸೊಂಟದ ಪಟ್ಟಿಗೆ ಎರಡು ಕೊಂಡಿಗಳಿರುತ್ತವೆ. ಒಂದು ತಂತಿಯಿಂದ ಇನ್ನೊಂದಕ್ಕೆ ದಾಟುವಾಗ ಒಂದನ್ನು ಬಿಡಿಸಿ ಸಿಕ್ಕಿಸಿದ ಮೇಲೆಯೇ ಮತ್ತೊಂದನ್ನು ಬಿಡಿಸಬೇಕು. ಅನೇಕ ಕಡೆ ಈ ಕೆಲಸವನ್ನು ಹುಡುಗನೇ ತನ್ನ ಕೈಯಿಂದ ಮಾಡಬೇಕಾಗುವುದು. ತನ್ನ ಪ್ರಾಣಕ್ಕೆ ತಾನೇ ಸ್ವಲ್ಪ ಹೊತ್ತು ಕಾವಲಿರುವುದು ಒಳ್ಳೆಯ ಶಿಕ್ಷಣವೆಂದೇ ನನ್ನ ಅಭಿಪ್ರಾಯ.

ಕಷ್ಟವಿರುವುದು ಪತ್ರದ ಒಂದು ವಾಕ್ಯದಲ್ಲಿ. ಈ ಆಟಗಳಲ್ಲಿ ಸಹಜವಾಗಿರುವ ಅಪಾಯಗಳನ್ನು ತಿಳಿದುಕೊಂಡಿದ್ದೇನೆಂದು ಮೊದಲು ಒಪ್ಪಿಸಿ, ಅದೇ ಉಸಿರಿನಲ್ಲಿ, ಸಂಸ್ಥೆಯ ಅಥವಾ ಅದರ ನೌಕರರ ಅಲಕ್ಷ್ಯದಿಂದ ಏನು ಒದಗಿದರೂ ಅದಕ್ಕೂ ಅವರು ಹೊಣೆಯಲ್ಲವೆಂದು ಆ ವಾಕ್ಯವು ಒಪ್ಪಿಸಿಕೊಳ್ಳುವುದು. ಎರಡು ಬೇರೆ ಬೇರೆ ವಸ್ತುಗಳನ್ನು ಒಂದೇ ಗಂಟಿನಲ್ಲಿ ಕಟ್ಟಿ ಮಾರಿದಂತೆ ಇದು ನನಗೆ ತೋರಿತು. ಎತ್ತರ, ಗಾಳಿ, ಜಾರುವ ಬಂಡೆ, ನಡುಗುವ ಕಾಲು, ಇವು ಬೆಟ್ಟದ ಅಪಾಯಗಳು. ಸವೆದ ಹಗ್ಗ, ತಪಾಸಣೆಯಿಲ್ಲದ ಕೊಂಡಿ, ಕೆಟ್ಟಿದೆಯೆಂದು ತಿಳಿದೂ ತಿದ್ದದ ಯಂತ್ರ, ಇವು ಮನುಷ್ಯನ ಅಪಾಯಗಳು. ಮೊದಲನೆಯದನ್ನು ನಾನು ಒಪ್ಪಬಲ್ಲೆನು. ಎರಡನೆಯದನ್ನು ಒಪ್ಪಲು ನಾನು ಅದನ್ನು ಕಂಡವನೇ ಅಲ್ಲ, ಕಂಡವನು ಇನ್ನೊಬ್ಬನು.

ಈ ಭೇದವು ನನ್ನ ಕಲ್ಪನೆಯಲ್ಲ. ನ್ಯಾಯಶಾಸ್ತ್ರದಲ್ಲಿ ಒಪ್ಪಿದವನಿಗೆ ಅನ್ಯಾಯವಿಲ್ಲವೆಂಬ ಅರ್ಥದ ಹಳೆಯ ರೋಮನ್ ಸೂತ್ರವೊಂದು ಉಂಟು. ೧೯೨೯ರಲ್ಲಿ ನ್ಯೂಯಾರ್ಕಿನ ಉಚ್ಚ ನ್ಯಾಯಪೀಠದ ಬೆಂಜಮಿನ್ ಕಾರ್ಡೋಜೊ ಅವರ ಮುಂದೆ ಕೋನಿ ಐಲೆಂಡಿನ ವಿನೋದೋದ್ಯಾನದ ಒಂದು ವ್ಯಾಜ್ಯವು ಬಂದಿತು. ಮೇಲಕ್ಕೆ ಚಲಿಸುತ್ತಿರುವ ಪಟ್ಟಿಯ ಮೇಲೆ ನಿಲ್ಲುವ ಆಟದಲ್ಲಿ ತರುಣನೊಬ್ಬನು ಬಿದ್ದು ಮೊಣಕಾಲಿನ ಚಿಪ್ಪನ್ನು ಮುರಿದುಕೊಂಡಿದ್ದನು. ಬೀಳುವುದೇ ಆ ಆಟದ ಸ್ವಾರಸ್ಯ, ಬೀಳುವವರನ್ನು ಕಣ್ಣಾರೆ ಕಂಡೇ ಅವನು ಹತ್ತಿದ್ದನು, ಆದ್ದರಿಂದ ಪರಿಹಾರವಿಲ್ಲವೆಂದು ತೀರ್ಪಾಯಿತು. ಆದರೆ ಅಪಾಯವು ಕಣ್ಣಿಗೆ ಕಾಣದಂತೆ ಅಡಗಿದ್ದರೆ ಮಾತು ಬೇರೆಯಾಗುತ್ತಿತ್ತೆಂಬುದನ್ನೂ ಆ ನ್ಯಾಯಾಧೀಶರು ಹೇಳದೆ ಬಿಡಲಿಲ್ಲ. ನಮ್ಮ ೧೮೬೦ರ ದಂಡಸಂಹಿತೆಯ ೮೭ನೆಯ ಕಲಮಿನಲ್ಲಿಯೂ, ಅದರ ಸ್ಥಾನಕ್ಕೆ ಬಂದು ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಇದಕ್ಕೆ ಸೊಗಸಾದ ಉದಾಹರಣೆಯಿದೆ: ವಿನೋದಕ್ಕಾಗಿ ಕತ್ತಿವರಸೆಯಾಡಲು ಒಪ್ಪಿದ ಇಬ್ಬರಲ್ಲಿ ಒಬ್ಬನಿಂದ ಇನ್ನೊಬ್ಬನಿಗೆ ಗಾಯವಾದರೆ ಅಪರಾಧವಿಲ್ಲ, ಆದರೆ ಆಟವು ನ್ಯಾಯವಾಗಿ ನಡೆದಿರಬೇಕು. ಆ ಒಪ್ಪಿಗೆಯನ್ನು ಕೊಡುವವನಿಗೆ ಹದಿನೆಂಟು ವರ್ಷ ದಾಟಿರಬೇಕೆಂದೂ ಅಲ್ಲಿ ಹೇಳಿದೆ. ಹನ್ನೆರಡರ ಕೆಳಗಿನ ಮಕ್ಕಳ ಹಿತಕ್ಕಾಗಿ ಹಿರಿಯರು ಒಪ್ಪಿಗೆ ಕೊಡುವ ವಿಷಯವು ಬೇರೆ ಕಲಮಿನಲ್ಲಿದೆ. ನಮ್ಮ ಹದಿಮೂರರ ಹುಡುಗನು ಈ ಎರಡು ಕಲಮುಗಳ ನಡುವಿನ ಕಣಿವೆಯಲ್ಲಿ ತೂಗುತ್ತಿದ್ದಾನೆ!

ನ್ಯಾಯವಾಗಿ ಆಡದಿದ್ದರೆ ಏನಾಗುವುದೆಂಬುದಕ್ಕೆ ಇಟಲಿಯ ಮೊತ್ತರೋನೆ ಪರ್ವತವು ಸಾಕ್ಷಿ. ಮಾಜ್ಜೋರೆ ಸರೋವರದ ದಡದಿಂದ ಆ ಬೆಟ್ಟದ ನೆತ್ತಿಗೆ ತೂಗುತೊಟ್ಟಿಲಿನಲ್ಲಿ ವಿಹಾರಕ್ಕಾಗಿ ಜನರು ಹೋಗುತ್ತಿದ್ದರು. ೨೦೨೧ರ ಮೇ ೨೩ರ ಭಾನುವಾರ ಎಳೆಯುವ ಹಗ್ಗವು ಹರಿಯಿತು. ಅಂಥ ಸಮಯಕ್ಕೆಂದೇ ಇರುವ ತಡೆಯು ಹೊರುವ ಹಗ್ಗವನ್ನು ಕಚ್ಚಿ ಹಿಡಿಯಬೇಕಾಗಿದ್ದಿತು, ಹಿಡಿಯಲಿಲ್ಲ. ಆ ತಡೆಯು ಆಗಾಗ ತಾನಾಗಿ ಬಿಗಿದು ಸಂಚಾರಕ್ಕೆ ಅಡ್ಡಿಯಾಗುತ್ತಿದ್ದುದರಿಂದ, ಅದು ಕೆಲಸ ಮಾಡದಂತೆ ಕವಲುಗೋಲಿನಂಥ ಕಬ್ಬಿಣದ ತುಂಡನ್ನು ಸಿಕ್ಕಿಸಿಟ್ಟಿದ್ದರೆಂದು ತನಿಖೆಯಲ್ಲಿ ಹೊರಬಿದ್ದಿತು. ಒಳಗಿದ್ದ ಹದಿನೈದು ಮಂದಿಯಲ್ಲಿ ಹದಿನಾಲ್ವರು ಸತ್ತರು; ಐದು ವರ್ಷದ ಒಂದು ಮಗು ಮಾತ್ರ ಉಳಿಯಿತು. ಆ ಹದಿನೈದು ಮಂದಿ ಬೆಟ್ಟದ ಎತ್ತರವನ್ನು ಒಪ್ಪಿದ್ದರು. ಕಬ್ಬಿಣದ ಆ ತುಂಡನ್ನು ಅವರಲ್ಲಿ ಯಾರು ಒಪ್ಪಿದ್ದರು?

ಪರ್ವತಾರೋಹಣದ ಇತಿಹಾಸದಲ್ಲಿಯೂ ಹಗ್ಗ ಹರಿದುದುಂಟು. ೧೮೬೫ರ ಜುಲೈ ೧೪ರಂದು ಎಡ್ವರ್ಡ್ ವಿಂಪರನೂ ಅವನ ಸಂಗಡಿಗರೂ ಕೂಡಿ ಏಳು ಮಂದಿ ಮ್ಯಾಟರ್‌ಹಾರ್ನ್ ಶಿಖರವನ್ನು ಮೊಟ್ಟಮೊದಲು ಮುಟ್ಟಿದರು. ಇಳಿಯುವಾಗ ಅನುಭವ ಸಾಲದ ತರುಣನೊಬ್ಬನು ಜಾರಿದನು; ಹಗ್ಗವು ತುಂಡಾಗಿ ನಾಲ್ವರು ಮಡಿದರು. ತಮ್ಮಲ್ಲಿದ್ದ ಹಗ್ಗಗಳಲ್ಲಿ ಬಲಹೀನವಾದುದನ್ನೇ ಅಲ್ಲಿ ಕಟ್ಟಿದ್ದರೆಂದು ಆಮೇಲೆ ದೊಡ್ಡ ವಿವಾದವೇ ಎದ್ದಿತು. ತಪ್ಪು ಅಲ್ಲಿಯೂ ಇದ್ದಿರಬಹುದು. ಆದರೂ ಆ ದುರಂತವು ನನ್ನಲ್ಲಿ ಮೊತ್ತರೋನೆಯ ಕಥೆಯಷ್ಟು ಕೋಪವನ್ನು ಹುಟ್ಟಿಸುವುದಿಲ್ಲ. ದಾರಿ ತೋರಿಸುತ್ತಿದ್ದ ಮಿಶೆಲ್ ಕ್ರೋ ಎಂಬುವನೂ ಆ ನಾಲ್ವರಲ್ಲಿ ಒಬ್ಬನು. ಕಟ್ಟಿದವರೂ ಕಟ್ಟಿಸಿಕೊಂಡವರೂ ಒಂದೇ ಹಗ್ಗದಲ್ಲಿದ್ದರು. ಚೀಟಿಯ ಕಿಟಕಿಯ ಹಿಂದೆ ಕುಳಿತವನು ನನ್ನ ಮೊಮ್ಮಗನ ಹಗ್ಗದಲ್ಲಿಲ್ಲ; ಆದುದರಿಂದಲೇ ಅವನಿಂದ ಹೆಚ್ಚಿನ ಎಚ್ಚರವನ್ನು ಕೇಳುವ ಹಕ್ಕು ನನಗಿರುವುದು.

ಇಷ್ಟರವರೆಗೆ ವಿಚಾರವು ನನಗೆ ಅನುಕೂಲವಾಗಿಯೇ ಸಾಗಿದ್ದಿತು. ಉದ್ಯಾನದವರಿಗೆ ಬರೆಯಬೇಕಾದ ಪತ್ರದ ಒಕ್ಕಣೆಯನ್ನೂ ಮನಸ್ಸಿನಲ್ಲಿ ಕಟ್ಟುತ್ತಿದ್ದೆನು. ಆ ವಾರವೇ ನಮ್ಮ ತೋಟದಲ್ಲಿ ಕೊನೆಕೊಯ್ಲು ಆರಂಭವಾಯಿತು.

ಕೊನೆಕೊಯ್ಲನ್ನು ನೋಡದ ವಾಚಕರಿಗಾಗಿ ಎರಡು ಮಾತು. ಕೊನೆಗಾರನು ಕಾಲಿಗೆ ತಳೆಯನ್ನು ಹಾಕಿಕೊಂಡು ತೋಳಿನಷ್ಟು ದಪ್ಪವೂ ಇಲ್ಲದ ತುದಿಯವರೆಗೆ ಅಡಕೆಮರವನ್ನು ಹತ್ತುತ್ತಾನೆ. ಕೊನೆಯನ್ನು ಕೊಯ್ದು ನೇಣಿನ ಮೇಲೆ ಜಾರಿಬಿಡುತ್ತಾನೆ. ಕೆಳಗೆ ನಿಂತವನು ಅದನ್ನು ಹಿಡಿಯುತ್ತಾನೆ. ಒಂದು ಮರ ಮುಗಿದೊಡನೆ ಕೆಳಗಿಳಿಯುವುದಿಲ್ಲ. ಮರವನ್ನು ತೂಗಿ ಬಗ್ಗಿಸಿ, ಪಕ್ಕದ ಮರವನ್ನು ಕೈಯಲ್ಲಿ ಹಿಡಿದು, ಅತ್ತ ದಾಟುತ್ತಾನೆ. ಹೀಗೆ ನೆಲ ಮುಟ್ಟದೆ ಒಂದು ಸಾಲನ್ನೇ ಮುಗಿಸುವವರುಂಟು. ಮೊಮ್ಮಗನು ಬಾಯಿ ತೆರೆದು ನೋಡುತ್ತಿದ್ದನು. ಆಮೇಲೆ ನನ್ನ ಕಡೆಗೆ ತಿರುಗಿ, "ಅಜ್ಜ, ಕೊನೆ ಜಾರುವುದಕ್ಕೆ ಹಗ್ಗ ಇದೆ. ಅವರಿಗೆ ಎಲ್ಲಿ?" ಎಂದನು.

ನಾನು ಕೊಟ್ಟ ಉತ್ತರವೇನೆಂಬುದನ್ನು ಬರೆಯಲು ನಾಚಿಕೆಯಾಗುವುದು. "ಅವರಿಗೆ ಅದು ರೂಢಿ" ಎಂದೆನು.

ರೂಢಿಯೆಂಬ ಮಾತು ಬಾಯಿಂದ ಹೊರಟೊಡನೆ ಬಹಳ ಹಿಂದಿನ ಒಂದು ಕೊಯ್ಲು ನೆನಪಿಗೆ ಬಂದಿತು. ಆಗ ನನಗೂ ಸುಮಾರು ಈ ಹುಡುಗನದೇ ವಯಸ್ಸು. ನಮ್ಮ ತಂದೆಯವರ ಕಾಲದಲ್ಲಿ, ಕೆಳಗಿನ ತೋಟದ ಒಂದು ಮರವು ನಡುವೆ ಮುರಿದು ಕೊನೆಗಾರನು ಬಿದ್ದನು. ಪ್ರಾಣ ಉಳಿಯಿತು, ಬೆನ್ನು ಉಳಿಯಲಿಲ್ಲ. ತಂದೆಯವರು ಔಷಧಕ್ಕೆ ಕೊಟ್ಟರು. ಎರಡು ವರ್ಷ ಅವನ ಮನೆಗೆ ಅಕ್ಕಿಯನ್ನು ಕಳುಹಿಸಿದರು. ಊರೆಲ್ಲ ಅವರ ಔದಾರ್ಯವನ್ನು ಹೊಗಳಿತು. ಅವನು ಬಿದ್ದುದು ಅವನ ಹಣೆಬರಹವೆಂದು ಎಲ್ಲರೂ, ಅವನೂ ಸಹ, ಹೇಳಿದರು. ಆದರೆ ಆ ಮರವು ಒಳಗೆ ಕುಂಬಾಗಿದೆಯೆಂದೂ, ಕೊಯ್ಲಿಗೆ ಮುಂಚೆ ಕಡಿಸಬೇಕೆಂದೂ ತಂದೆಯವರು ಹಿಂದಿನ ಮಳೆಗಾಲದಲ್ಲಿ ಹೇಳಿದುದನ್ನು ನಾನು ಕೇಳಿದ್ದೆನು. ಕಡಿಸಲು ಮರೆತಿದ್ದರು. ಆ ಸಂಗತಿಯನ್ನು ನಾನು ಈವರೆಗೆ ಯಾರಿಗೂ ಹೇಳಿರಲಿಲ್ಲ. ಅವರು ಕೆಟ್ಟವರಾಗಿರಲಿಲ್ಲ. ಇಟಲಿಯವರ ಮೇಲೆ ಕೋಪಗೊಂಡು ಕುಳಿತಿದ್ದ ನನಗೆ ಆ ದೂರದ ಬೆಟ್ಟವು ನಮ್ಮ ಕೆಳಗಿನ ತೋಟದಲ್ಲಿಯೇ ಕಾಣಿಸಿತು.

ಕೊನೆಗಾರನು ಒಪ್ಪಿಯೇ ಹತ್ತುತ್ತಾನಲ್ಲವೆ ಎಂದು ಕೇಳಬಹುದು. ಒಪ್ಪುತ್ತಾನೆ, ಅವನಿಂದ ನಾವು ಕಾಗದವನ್ನು ಬರೆಯಿಸಿಕೊಳ್ಳುವುದೂ ಇಲ್ಲ. ಆದರೆ ಮೊಮ್ಮಗನು ಬೇಡವೆಂದರೆ ಒಂದು ದಿನದ ವಿನೋದವು ತಪ್ಪುವುದು. ಕೊನೆಗಾರನು ಬೇಡವೆಂದರೆ ಮನೆಯ ಅಕ್ಕಿ ತಪ್ಪುವುದು. ಈ ಎರಡು ಒಪ್ಪಿಗೆಗಳಿಗೂ ಒಂದೇ ಹೆಸರಿರುವುದು ಭಾಷೆಯ ಬಡತನವೇ ಹೊರತು ಬೇರೆಯಲ್ಲ. ಅದೇ ಎತ್ತರಕ್ಕೆ ಒಬ್ಬನು ಹಣ ತೆತ್ತು ಏರುತ್ತಾನೆ, ಇನ್ನೊಬ್ಬನು ಹಣಕ್ಕಾಗಿ ಏರುತ್ತಾನೆ; ತೆತ್ತವನಿಗೆ ಎರಡು ಕೊಂಡಿ, ಇವನಿಗೆ ಒಂದೂ ಇಲ್ಲ.

ಮರುದಿನ ಬೆಳಿಗ್ಗೆ ಕೊನೆಗಾರನೊಡನೆ ಮಾತನಾಡಿದೆನು. ಸೊಂಟಕ್ಕೆ ಕಟ್ಟುವ ಪಟ್ಟಿಯನ್ನೂ ಹಗ್ಗವನ್ನೂ ತರಿಸುತ್ತೇನೆಂದಾಗ ಅವನು ನಕ್ಕನು. "ಹೆಗಡೇರೇ, ಅದನ್ನು ಕಟ್ಟಿಕೊಂಡು ಮರದಿಂದ ಮರಕ್ಕೆ ದಾಟುವುದು ಹೇಗೆ? ಪ್ರತಿ ಮರಕ್ಕೂ ಇಳಿದು ಹತ್ತಿದರೆ ನನ್ನ ಲೆಕ್ಕ ಅರ್ಧಕ್ಕೆ ಇಳಿಯುತ್ತದೆ" ಎಂದನು. ಕೊನೆಗೆ ಇಷ್ಟೆಂದು ನಾವು ಕೂಲಿಯನ್ನು ಕಟ್ಟಿರುವುದರಿಂದ ಅವನ ಮಾತು ನಿಜ. ಅವನನ್ನು ದಾಟಿಸುತ್ತಿದ್ದುದು ಅವನ ಧೈರ್ಯವೊಂದೇ ಅಲ್ಲ, ನನ್ನ ಲೆಕ್ಕದ ಪುಸ್ತಕವೂ ಹೌದು. ಬಹಳ ಚರ್ಚೆಯಾದ ಮೇಲೆ ಈ ಸಲದ ಕೊಯ್ಲಿಗೆ ದಿನಗೂಲಿಯೆಂದು, ಅವನ ಒಳ್ಳೆಯ ದಿನದ ಸಂಪಾದನೆಗೆ ಕಡಮೆಯಾಗದಂತೆ, ನಿಶ್ಚಯಿಸಿದೆವು. ನೆರೆಯ ತೋಟದವರು ಇದರಿಂದ ನನ್ನ ಮೇಲೆ ಸ್ವಲ್ಪ ಮುನಿದಿದ್ದಾರೆ, ಅದು ಇರಲಿ. ಆಮೇಲೆ ನಾವು ಮೂವರೂ ತೋಟವನ್ನೆಲ್ಲ ಸುತ್ತಿದೆವು. ಅವನು ಮರಗಳನ್ನು ಬಡಿದು ಸದ್ದನ್ನು ಕೇಳಿ ಹೇಳುತ್ತಿದ್ದನು. ಹುಡುಗನು ಸುಣ್ಣದ ಡಬ್ಬಿಯನ್ನು ಹಿಡಿದು ಗುರುತು ಹಾಕುತ್ತಿದ್ದನು. ಹನ್ನೊಂದು ಮರಗಳಿಗೆ ಗುರುತು ಬಿದ್ದಿತು. ಅವುಗಳ ಕೊನೆಗಳನ್ನು ನೆಲದ ಮೇಲೆ ನಿಂತೇ ಕೊಯ್ಯಲು, ಈಚೆಗೆ ಬಳಕೆಗೆ ಬಂದಿರುವ ಇಂಗಾಲದ ನಾರಿನ ಉದ್ದ ದೋಟಿಯನ್ನು ಬಾಡಿಗೆಗೆ ತರಿಸಿದ್ದಾಯಿತು. ಅದರ ಬೆಲೆ ಹೆಚ್ಚೆಂದು ಎರಡು ವರ್ಷಗಳಿಂದ ಕೊಳ್ಳದೆ ಇದ್ದವನು ನಾನೇ.

ಉದ್ಯಾನಕ್ಕೂ ದೂರವಾಣಿ ಮಾಡಿದೆನು. ಹಗ್ಗವನ್ನೂ ಪಟ್ಟಿಗಳನ್ನೂ ಯಾರು, ಎಷ್ಟು ದಿನಕ್ಕೊಮ್ಮೆ ನೋಡುತ್ತಾರೆ? ಗಾಳಿಯೋ ಗುಡುಗೋ ಬಂದರೆ ಆಟವನ್ನು ನಿಲ್ಲಿಸುವ ಅಧಿಕಾರ ಯಾರದು? ಹಗ್ಗವನ್ನು ಕೊನೆಯ ಸಲ ಬದಲಿಸಿದುದು ಯಾವಾಗ? ಮೊದಲಿನ ಎರಡಕ್ಕೆ ಆ ತರುಣನು ತೃಪ್ತಿಕರವಾಗಿ ಉತ್ತರ ಕೊಟ್ಟನು. ದಿನವೂ ಬೆಳಿಗ್ಗೆ ಬರೆದಿಡುವ ಪುಸ್ತಕವಿದೆ, ಬಂದಾಗ ತೋರಿಸುತ್ತೇವೆ ಎಂದನು. ಮೂರನೆಯದಕ್ಕೆ, "ಇಲ್ಲಿಯವರೆಗೆ ಏನೂ ಆಗಿಲ್ಲ ಸಾರ್" ಎಂದನು. ಕೆಳಗಿನ ತೋಟದ ಮರಕ್ಕೂ ಹಿಂದಿನ ದಿನದವರೆಗೆ ಏನೂ ಆಗಿರಲಿಲ್ಲ. ವಿಚಾರಿಸಿ ಹೇಳುವಂತೆ ಕೇಳಿಕೊಂಡಿದ್ದೇನೆ.

ಬರುವ ಶನಿವಾರ ಹೊರಡುವುದೆಂದು ಗೊತ್ತಾಗಿದೆ. ಒಪ್ಪಿಗೆಪತ್ರದಲ್ಲಿ ಬೆಟ್ಟದ ಅಪಾಯಗಳನ್ನು ಹೇಳುವ ಭಾಗವನ್ನು ಉಳಿಸಿ, ಅಲಕ್ಷ್ಯವನ್ನು ಮನ್ನಿಸುವ ಮಾತುಗಳ ಮೇಲೆ ಗೆರೆ ಎಳೆದು, ಗೆರೆಯ ಪಕ್ಕದಲ್ಲಿಯೂ ಕೆಳಗೂ ಸಹಿ ಮಾಡಿದ್ದೇನೆ. ಅವರು ಅದನ್ನು ಸ್ವೀಕರಿಸದಿದ್ದರೆ ಬೆಟ್ಟದ ನೆತ್ತಿಗೆ ಕಾಲುದಾರಿಯೊಂದು ಇದ್ದೇ ಇದೆ, ನಡೆದು ಹತ್ತಿ ಬುತ್ತಿಯನ್ನು ಉಂಡು ಬರೋಣವೆಂದು ಹುಡುಗನಿಗೆ ಹೇಳಿದೆನು. ಅವನು ಬಹಳ ಹೊತ್ತು ಆ ಗೆರೆಯನ್ನೇ ನೋಡಿದನು. ಬಳಿಕ ತನ್ನ ಹಾಳೆಯನ್ನು ತೆಗೆದು, ಬುತ್ತಿಯ ಸಾಲಿನ ಕೆಳಗೆ, ಹಗ್ಗದ ಪುಸ್ತಕವನ್ನು ನೋಡುವುದು ಎಂದು ಬರೆದುಕೊಂಡನು. ಕಾಲುದಾರಿಯ ಮಾತು ಅವನಿಗೆ ರುಚಿಸಿದಂತೆ ಕಾಣಲಿಲ್ಲ.