ಮುಡಿಪು ಹೊತ್ತವರಿಗೆ ಕೂಲಿ ಎಷ್ಟು?

ಜ್ಯೇಷ್ಠ ಮಾಸ ಮುಗಿಯುತ್ತ ಬಂದಂತೆ ಪುಣೆಯಲ್ಲಿರುವ ನಮ್ಮಂಥವರ ಮೊಬೈಲಿಗೆ ಎರಡು ಬಗೆಯ ಸಂದೇಶಗಳು ಬರತೊಡಗುತ್ತವೆ. ಒಂದು, ಪಾಲಖಿ ಬರುವ ದಿನ ಯಾವ ಯಾವ ರಸ್ತೆ ಬಂದ್ ಎಂಬುದು. ಇನ್ನೊಂದು, ಆಫೀಸಿನ ಯಾರೋ ಒಬ್ಬರು ಪಂಢರಪುರದ ವಾರಿಗೆ ಹೊರಟಿದ್ದಾರೆ, ಅವರು ನಡೆಯುವ ಒಂದೊಂದು ಕಿಲೋಮೀಟರಿಗೂ ನೀವು ಇಂತಿಷ್ಟು ಕೊಟ್ಟರೆ ಆ ಹಣ ಒಂದು ಶಾಲೆಗೋ ಆಸ್ಪತ್ರೆಗೋ ಸೇರುತ್ತದೆ ಎಂಬುದು. ಮೊದಲನೆಯದನ್ನು ಓದಿ ಆ ದಿನ ಮನೆಯಿಂದಲೇ ಕೆಲಸ ಮಾಡುವುದಾಗಿ ಮ್ಯಾನೇಜರಿಗೆ ತಿಳಿಸುತ್ತೇವೆ. ಎರಡನೆಯದನ್ನು ಓದಿ ಐನೂರು ರೂಪಾಯಿ ಕಳಿಸಿ, ಕೈಮುಗಿದ ಚಿತ್ರವೊಂದನ್ನು ಒತ್ತಿ, ಮುಂದಿನ ಮೀಟಿಂಗಿಗೆ ಹೋಗುತ್ತೇವೆ.

ಇದರಲ್ಲಿ ತಪ್ಪೇನು? ಹಣ ಒಳ್ಳೆಯ ಕೆಲಸಕ್ಕೆ ಹೋಗುತ್ತದೆ. ನಡೆಯುವವರಿಗೆ ಹುರುಪು, ಕೊಡುವವರಿಗೆ ಸಮಾಧಾನ. ಆದರೂ ಎರಡು ಸಲ ಆಳಂದಿಯಿಂದ ಪಂಢರಪುರದವರೆಗೆ ನಡೆದು ಬಂದ ಮೇಲೆ ನನಗೆ ಈ ಪ್ರಶ್ನೆ ಅಷ್ಟು ಸಲೀಸಾಗಿ ಬಗೆಹರಿಯುತ್ತಿಲ್ಲ. ಅದನ್ನು ಮೊದಲು ಕೇಳಿದವಳು ಜಮಖಂಡಿಯಲ್ಲಿರುವ ನಮ್ಮವ್ವ. ಎರಡನೆಯ ಸಲ ಹೊರಡುವ ಮುಂಚೆ ಫೋನಿನಲ್ಲಿ ಈ ಕಿಲೋಮೀಟರಿನ ಲೆಕ್ಕವನ್ನು ಅವಳಿಗೆ ವಿವರಿಸಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: “ನಡ್ಯಾಂವ ನೀ, ರೊಕ್ಕಾ ಕೊಡಾವ್ರು ಅವ್ರು. ಹಂಗಾದ್ರ ವಾರಿ ಯಾರದ್ದೋ ತಮ್ಮಾ?”

ಬೇಡುವುದೇ ತಪ್ಪು ಎಂದು ಅವ್ವನ ಮಾತಿನ ಅರ್ಥವಲ್ಲ. ಬೇಡುವುದು, ಕೊಡುವುದು, ಪಡೆಯುವುದು ಇವಿಲ್ಲದೆ ವಾರಿಯೇ ಇಲ್ಲ. ಸುಮಾರು 250 ಕಿಲೋಮೀಟರಿನ ಆ ದಾರಿಯಲ್ಲಿ ದಿಂಡಿಗೆ ದಿಂಡಿಯೇ ಒಂದು ಸಂಚಾರಿ ಸಂಸಾರ. ಪ್ರತಿಯೊಬ್ಬರೂ ತಮ್ಮ ಪಾಲಿನ ಭಿಶಿ ಕಟ್ಟುತ್ತಾರೆ, ಆ ಹಣದಲ್ಲಿ ಲಾರಿ, ಟ್ಯಾಂಕರು, ಅಡುಗೆ ನಡೆಯುತ್ತದೆ. ಅದರ ಮೇಲೆ ಊರೂರಿನವರು ಕೊಡುತ್ತಲೇ ಇರುತ್ತಾರೆ. ಚಹಾ, ಬಾಳೆಹಣ್ಣು, ಭಾಕರಿ. ಕೊಡಲು ಬೇರೇನೂ ಇಲ್ಲದವರು ತಮ್ಮ ಕಸುಬನ್ನೇ ಕೊಡುತ್ತಾರೆ: ಒಬ್ಬರು ಹರಿದ ಚಪ್ಪಲಿ ಹೊಲಿದುಕೊಡುತ್ತಾರೆ, ಇನ್ನೊಬ್ಬರು ಗಡ್ಡ ಕೆರೆಯುತ್ತಾರೆ, ಮತ್ತೊಬ್ಬರು ಕಾಲು ಒತ್ತುತ್ತಾರೆ. ತಿಂಗಳ ಸಂಬಳದ ನಾನು ಅಪರಿಚಿತ ಮುದುಕರೊಬ್ಬರಿಂದ ಕಾಲು ಒತ್ತಿಸಿಕೊಂಡು, ಏನು ಹೇಳಬೇಕೋ ತಿಳಿಯದೆ ಕುಳಿತಿದ್ದುಂಟು. ಅವರು ಎದ್ದು ನನ್ನ ಕಾಲಿಗೇ ನಮಸ್ಕರಿಸಿ “ಮಾವುಲಿ” ಅಂದರು. ಅಲ್ಲಿ ಎಲ್ಲರೂ ಎಲ್ಲರಿಗೂ ಮಾವುಲಿಯೇ, ಅಂದರೆ ತಾಯಿ.

ನಮ್ಮ ದಾಸರಿಗೂ ಈ ದಾರಿ ಗೊತ್ತಿತ್ತು. ಸಿರಿವಂತ ವರ್ತಕನೊಬ್ಬ ಎಲ್ಲವನ್ನೂ ಬಿಟ್ಟು ತಂಬೂರಿ ಹಿಡಿದು ಮನೆಮನೆಗೆ ಹೋದ ಕಥೆಯನ್ನು ಕೇಳಿಯೇ ನಾವು ಬೆಳೆದದ್ದು. ಆ ವರ್ತಕ ಆರಿಸಿಕೊಂಡ ಅಂಕಿತದಲ್ಲೂ ವಿಠಲನಿದ್ದಾನೆ. ಮಧುಕರ ವೃತ್ತಿ ಎಂಬ ಮಾತನ್ನೇ ನೋಡಿ. ದುಂಬಿ ಹೂವಿನಿಂದ ಹೂವಿಗೆ ಹೋಗಿ ಒಂದೊಂದರಿಂದ ಒಂದಿಷ್ಟು ಪಡೆಯುತ್ತದೆ, ಯಾವ ಹೂವಿಗೂ ಭಾರವಾಗುವುದಿಲ್ಲ. ಬೇಡುವುದು ಅಲ್ಲಿ ಅವಮಾನವಲ್ಲ, ಅಹಂಕಾರಕ್ಕೆ ಮದ್ದು.

ಹಾಗಾದರೆ ಅವ್ವನಿಗೆ ಚುಚ್ಚಿದ್ದೇನು? ಅದು ಅರ್ಥವಾಗಲು ಅವಳೇ ಪ್ರತಿವರ್ಷ ಮಾಡುವ ಒಂದು ಕೆಲಸವನ್ನು ನೆನೆಯಬೇಕಾಯಿತು. ಓಣಿಯಲ್ಲಿ ಯಾರಾದರೂ ಪಂಢರಪುರಕ್ಕೋ ತಿರುಪತಿಗೋ ಹೊರಟರೆ ಅವಳು ಅರಿಶಿನದ ಬಟ್ಟೆಯಲ್ಲಿ ನಾಲ್ಕು ಕಾಸು ಗಂಟುಕಟ್ಟಿ ಅವರ ಕೈಗೆ ಕೊಡುತ್ತಾಳೆ. ಮುಡಿಪು. ಹೋಗಲಾಗದವರ ಕಾಣಿಕೆಯನ್ನು ಹೋಗುವವರು ಹೊತ್ತೊಯ್ಯುವುದು ನಮ್ಮಲ್ಲಿ ಹಳೆಯ ಪದ್ಧತಿ. ಯೋಚಿಸಿದರೆ ಯಾತ್ರೆಯ ನೆಪದಲ್ಲಿ ಹಣ ಸಂಗ್ರಹಿಸುವುದು ಹೊಸದೇನೂ ಅಲ್ಲ. ಆದರೆ ಮುಡಿಪು ಹೊತ್ತವರು ಬರೀ ಹೊತ್ತವರು. ಅವರು ಎಷ್ಟು ದೂರ ನಡೆದರು, ಬಸ್ಸಿನಲ್ಲಿ ಹೋದರೋ ರೈಲಿನಲ್ಲೋ, ಕಾಲಲ್ಲಿ ಬೊಕ್ಕೆ ಎದ್ದವೋ ಇಲ್ಲವೋ, ಇದಕ್ಕೂ ಗಂಟಿನೊಳಗಿನ ಕಾಸಿಗೂ ಸಂಬಂಧವಿಲ್ಲ. ಅರ್ಧ ದಾರಿಯಲ್ಲಿ ಜ್ವರ ಬಂದು ಕೂತರೆ ಅರ್ಧ ಕಾಸನ್ನು ಅವ್ವ ವಾಪಸು ಕೇಳುವುದಿಲ್ಲ. ಇನ್ನೊಬ್ಬರ ಕೈಗೆ ದಾಟಿಸಿದರಾಯಿತು.

ಕಿಲೋಮೀಟರಿಗೆ ಇಷ್ಟು ಎಂದ ಕೂಡಲೇ ಅದು ಮುಡಿಪಲ್ಲ, ಕೂಲಿ. ಕೂಲಿ ಇನ್ನೊಬ್ಬರಿಗೆ ಹೋಗಬಹುದು, ಒಳ್ಳೆಯದಕ್ಕೇ ಹೋಗಬಹುದು, ಆದರೆ ನಡಿಗೆಗೆ ಬೆಲೆ ಬಿದ್ದಾಗಿದೆ. ಮಧ್ಯಯುಗದ ಯುರೋಪಿನಲ್ಲಿ ಉಳ್ಳವರು ತಮ್ಮ ಪರವಾಗಿ ಸಾಂಟಿಯಾಗೊ ಯಾತ್ರೆ ಮಾಡಲು ಬೇರೆಯವರಿಗೆ ಹಣ ಕೊಡುತ್ತಿದ್ದರು, ಉಯಿಲಿನಲ್ಲೂ ಅದಕ್ಕೆಂದೇ ಹಣ ಬರೆದಿಡುತ್ತಿದ್ದರು. ನಾವು ಅದನ್ನು ಓದಿ ನಗುತ್ತೇವೆ. ನಮ್ಮ ಐನೂರು ರೂಪಾಯಿ ಅದರಿಂದ ಎಷ್ಟು ದೂರ?

ಇಲ್ಲಿ ನನ್ನ ಆಫೀಸಿನ ಗೆಳೆಯನ ವಿಷಯ ಹೇಳಬೇಕು. ಎರಡನೆಯ ವಾರಿಯಲ್ಲಿ ನಾವಿಬ್ಬರೂ ಒಂದೇ ದಿಂಡಿಯಲ್ಲಿದ್ದೆವು, ಒಂದೇ ಕೆಲಸಕ್ಕೆ ಹಣ ಕೂಡಿಸುತ್ತಿದ್ದೆವು. ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವವರ ಮಕ್ಕಳಿಗಾಗಿ ನಡೆಯುವ ಒಂದು ವಸತಿಗೃಹ ಅದು. ದಸರೆ–ದೀಪಾವಳಿಯ ಹೊತ್ತಿಗೆ ತಂದೆ–ತಾಯಿ ಪಶ್ಚಿಮ ಮಹಾರಾಷ್ಟ್ರಕ್ಕೋ ನಮ್ಮ ಬೆಳಗಾವಿ, ಬಾಗಲಕೋಟೆಯ ಕಡೆಗೋ ಹೊರಟುಬಿಡುತ್ತಾರೆ. ಹಂಗಾಮು ಮುಗಿಯುವ ತನಕ ಮಕ್ಕಳು ಊರಲ್ಲೇ ಉಳಿದು ಶಾಲೆಗೆ ಹೋಗಬೇಕೆಂದರೆ ಊಟ, ಹಾಸಿಗೆ, ನೋಡಿಕೊಳ್ಳುವ ಒಂದು ಜೀವ ಬೇಕು. ಗೆಳೆಯ ಕಿಲೋಮೀಟರಿನ ಲೆಕ್ಕ ಇಟ್ಟುಕೊಂಡ. ನಾನು ಅವ್ವನ ಮಾತು ತಲೆಯಲ್ಲಿದ್ದುದರಿಂದ ವಸತಿಗೃಹಕ್ಕೆ ಒಂದು ಹಂಗಾಮಿಗೆ ಬೇಕಾಗುವುದೇನು ಎಂದಷ್ಟೇ ಪತ್ರ ಬರೆದು ಪರಿಚಿತರಿಗೆ ಕಳಿಸಿದೆ. ನಡೆಯುವ ವಿಷಯ ಅದರಲ್ಲಿ ಒಂದು ಸಾಲು.

ನಾತೇಪುತೆ ದಾಟಿದ ಮೇಲೆ ರಸ್ತೆಯ ಎರಡೂ ಬದಿಗೆ ಅಲ್ಲಲ್ಲಿ ಕಬ್ಬು. ತಲೆಯ ಮೇಲೆ ತುಳಸಿ ಹೊತ್ತ ಒಬ್ಬ ಹೆಂಗಸು ನಮ್ಮ ಜತೆಗೆ ಹೆಜ್ಜೆ ಹಾಕುತ್ತಿದ್ದರು. ಬೀಡ್ ಕಡೆಯವರೇ. ಎಷ್ಟೋ ವರ್ಷ ಗಂಡನ ಜೊತೆ ಕಬ್ಬು ಕಡಿದವರು, ಆ ರಸ್ತೆಯ ಎರಡೂ ಬದಿಯ ಹೊಲಗಳು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಗೆಳೆಯ ಉತ್ಸಾಹದಿಂದ ತನ್ನ ಲೆಕ್ಕ ವಿವರಿಸಿದ. ಅವರು ಗಮನವಿಟ್ಟು ಕೇಳಿ, ತುಂಬ ಸಹಜವಾಗಿ ವಿಚಾರಿಸಿದರು: “ಹೌದಾ ಮಾವುಲಿ? ನಿಮ್ಮ ಮುಕಾದಮ ಯಾರು? ಉಚಲ್ ಎಷ್ಟು ಕೊಟ್ಟಿದ್ದಾನೆ?”

ಅವರದು ಕುಹಕವಲ್ಲ. ಕಬ್ಬು ಕಡಿಯುವವರಿಗೆ ಮುಕಾದಮ ಹಂಗಾಮಿಗೆ ಮೊದಲೇ ಮುಂಗಡ ಕೊಟ್ಟಿರುತ್ತಾನೆ, ಅದೇ ಉಚಲ್. ಆಮೇಲೆ ಟನ್ನಿಗೆ ಇಷ್ಟು ಎಂದು ದುಡಿದು ಅದನ್ನು ತೀರಿಸಬೇಕು. ಗಂಡ–ಹೆಂಡತಿ ಇಬ್ಬರನ್ನೂ ಸೇರಿಸಿ ಒಂದು ‘ಕೋಯ್ತಾ’, ಅಂದರೆ ಒಂದು ಕುಡುಗೋಲು ಎಂದೇ ಎಣಿಸುತ್ತಾರೆ. ಅಳತೆಗೆ ತಕ್ಕ ಹಣ ಎಂದರೆ ಅವರಿಗೆ ಗೊತ್ತಿರುವುದು ಅದೊಂದೇ. ಟನ್ನಿಗೆ ಇಷ್ಟು ಇದ್ದ ಹಾಗೆ ಕಿಲೋಮೀಟರಿಗೆ ಇಷ್ಟು. ಗೆಳೆಯ ನಕ್ಕ. ಆಮೇಲೆ ಮಾಳಶಿರಸ್ ಬರುವ ತನಕ ಹೆಚ್ಚು ಮಾತಾಡಲಿಲ್ಲ.

ನನಗೆ ಆಗ ಹೊಳೆದದ್ದು ಇಷ್ಟು. ಆ ಹೆಂಗಸೂ ನಮ್ಮಷ್ಟೇ ದೂರ ನಡೆಯುತ್ತಿದ್ದಾರೆ, ತಲೆಯ ಮೇಲೆ ಭಾರ ಹೊತ್ತು ನಡೆಯುತ್ತಿದ್ದಾರೆ. ನಾವು ಹಣ ಕೂಡಿಸುತ್ತಿರುವುದು ಅವರ ಮನೆಯಂಥ ಮನೆಗಳ ಮಕ್ಕಳಿಗೆ. ಆದರೂ ಅವರ ಒಂದು ಕಿಲೋಮೀಟರಿಗೆ ಯಾರೂ ಒಂದು ರೂಪಾಯಿ ಕೊಡುವುದಿಲ್ಲ. ನಮ್ಮ ಕಿಲೋಮೀಟರಿಗೆ ಮಾತ್ರ ಯಾಕೆ ಬೆಲೆ? ನಾವು ನಡೆಯಬೇಕಾದ ಅಗತ್ಯ ಇಲ್ಲದವರು ಎಂಬುದಕ್ಕೆ. ಕಾರಿದ್ದವನು ನಡೆದರೆ ಸುದ್ದಿ, ಇಲ್ಲದವಳು ನಡೆದರೆ ಜನಸಂದಣಿ. ಕೊಡುವವರು ಬೆಲೆ ಕಟ್ಟುತ್ತಿರುವುದು ನಡಿಗೆಗಲ್ಲ, ನಮ್ಮ ದಿನನಿತ್ಯದ ಸುಖಕ್ಕೂ ಆ ನಡಿಗೆಗೂ ಇರುವ ಅಂತರಕ್ಕೆ. ಎಲ್ಲರೂ ಎಲ್ಲರ ಕಾಲು ಮುಟ್ಟುವ ದಾರಿಯಲ್ಲಿ ನಾವು ಗೊತ್ತಿಲ್ಲದೆಯೇ ಮತ್ತೆ ಒಂದು ಮೆಟ್ಟಿಲು ಕಟ್ಟಿ ಅದರ ಮೇಲೆ ನಿಂತುಬಿಡುತ್ತೇವೆ. ಹರಕೆ ಹೊತ್ತು ಕೊಡು–ಕೊಳ್ಳು ನಡೆಸುವವರನ್ನು ಗೇಲಿ ಮಾಡಿದ ತುಕಾರಾಮರ ಪಾಲಖಿಯೂ ಅದೇ ದಿನಗಳಲ್ಲಿ ದೇಹುವಿನಿಂದ ಹೊರಟು ಅದೇ ಪಂಢರಪುರಕ್ಕೆ ಬರುತ್ತಿರುತ್ತದೆ ಎಂಬುದನ್ನೂ ಮರೆಯುತ್ತೇವೆ.

ದೇಹವನ್ನು ದಂಡಿಸಿ ಹಣ ಕೂಡಿಸುವುದೆಲ್ಲ ಹೀಗೇ ಎಂದು ನಾನು ಹೇಳಲಾರೆ. ಕೆನಡಾದ ಟೆರಿ ಫಾಕ್ಸ್ ಕ್ಯಾನ್ಸರಿನಿಂದ ಬಲಗಾಲು ಕಳೆದುಕೊಂಡ ಹುಡುಗ. ಕ್ಯಾನ್ಸರ್ ಸಂಶೋಧನೆಗೆ ಹಣ ಸೇರಿಸಲು 1980ರ ಏಪ್ರಿಲ್‌ನಲ್ಲಿ ಕೃತಕ ಕಾಲಿನಲ್ಲಿ ದೇಶದ ಉದ್ದಕ್ಕೂ ಓಡಲು ಹೊರಟ. 143 ದಿನ ಓಡಿ, 5,373 ಕಿಲೋಮೀಟರ್ ಕ್ರಮಿಸಿದ ಮೇಲೆ ರೋಗ ಶ್ವಾಸಕೋಶಕ್ಕೆ ಹರಡಿ ನಿಲ್ಲಬೇಕಾಯಿತು. ಮರುವರ್ಷ ತೀರಿಕೊಂಡ. ಅವನ ಓಟಕ್ಕೂ ಅವನು ಬೇಡಿದ್ದಕ್ಕೂ ನಡುವೆ ಅಂತರವೇ ಇರಲಿಲ್ಲ, ಅವನ ಕಾಲೇ ಅವನ ಮಾತು. ಅವನು ಕೇಳಿದ್ದು ದೇಶದ ಪ್ರತಿಯೊಬ್ಬರಿಂದ ಒಂದು ಡಾಲರ್. ಗುರಿ ಮುಟ್ಟದೆ ನಿಂತ ಮೇಲೆ ಹಣ ನಿಲ್ಲಲಿಲ್ಲ, ಹೊಳೆಯಾಗಿ ಹರಿಯಿತು. ಓಡದ ಕಿಲೋಮೀಟರುಗಳನ್ನು ಯಾರೂ ಕಳೆಯಲಿಲ್ಲ.

ವಿನೋಬಾರ ನಡಿಗೆ ಇನ್ನೊಂದು ಬಗೆ. 1951ರ ಏಪ್ರಿಲ್ 18ರಂದು ತೆಲಂಗಾಣದ ಪೋಚಂಪಲ್ಲಿಯಲ್ಲಿ ಭೂಮಿಯಿಲ್ಲದ ದಲಿತರು 80 ಎಕರೆ ಬೇಕೆಂದು ಕೇಳಿದರು, ಅದೇ ಸಭೆಯಲ್ಲಿದ್ದ ರಾಮಚಂದ್ರ ರೆಡ್ಡಿ 100 ಎಕರೆ ಕೊಡುತ್ತೇನೆಂದರು. ಆಮೇಲೆ ವಿನೋಬಾ ವರ್ಷಗಟ್ಟಲೆ ನಡೆದರು. ಹಾಗೆ ಬಂದ ಭೂಮಿಯಲ್ಲಿ ಬಹಳಷ್ಟು ಬರಡು, ಬಹಳಷ್ಟು ಹಂಚಿಕೆಯೇ ಆಗಲಿಲ್ಲ ಎಂಬುದೂ ನಿಜ. ಆದರೆ ಅಲ್ಲಿ ನಡಿಗೆಯ ಕೆಲಸ ಸ್ಪಷ್ಟವಾಗಿತ್ತು: ಬೇಡುವವರನ್ನು ಕೊಡುವವರ ಮುಖಕ್ಕೆ ಮುಖವಾಗಿ ನಿಲ್ಲಿಸುವುದು. ನಮ್ಮ ಕಿಲೋಮೀಟರಿನ ಲೆಕ್ಕದಲ್ಲಿ ನಡೆಯುವುದು ಇದರ ಉಲ್ಟಾ. ಕೊಡುವವರು ನೋಡುವುದು ನನ್ನ ಬೊಕ್ಕೆ ಬಂದ ಕಾಲಿನ ಫೋಟೊ. ಮಗು ಆ ಫೋಟೊದಲ್ಲಿ ಎಲ್ಲೂ ಇಲ್ಲ.

ಇದಕ್ಕೆ ಗೆಳೆಯನ ಉತ್ತರ ಗಟ್ಟಿಯಾಗಿಯೇ ಇದೆ, ಅದನ್ನು ಮುಚ್ಚಿಡಬಾರದು. ಅವನ ಲೆಕ್ಕಕ್ಕೆ ಬಂದ ಹಣ ನನ್ನ ಪತ್ರಕ್ಕೆ ಬಂದದ್ದರ ಸುಮಾರು ಎರಡರಷ್ಟು. “ಹುಡುಗರಿಗೆ ಬೇಕಾದ್ದು ಊಟ, ನಿನ್ನ ತತ್ವ ಅಲ್ಲ” ಅಂದ. ನಿಜ. ತಟ್ಟೆಯಲ್ಲಿ ಬಿದ್ದ ಅನ್ನಕ್ಕೆ ಅದು ಮುಡಿಪಿನಿಂದ ಬಂತೋ ಕೂಲಿಯಿಂದ ಬಂತೋ ಗೊತ್ತಾಗುವುದಿಲ್ಲ. ಅವನ ಹಣವನ್ನು ವಸತಿಗೃಹದವರು ಬೇಡ ಎನ್ನಬೇಕೆಂದು ನಾನು ಹೇಳುವುದಿಲ್ಲ, ಹಾಗೆ ಹೇಳುವ ಹಕ್ಕು ಹೊಟ್ಟೆ ತುಂಬಿದ ನನಗಿಲ್ಲ.

ಆದರೆ ಮುಂದಿನ ವರ್ಷ? ಗೆಳೆಯನ ಮಂಡಿ ನೋಯಬಹುದು, ಅವನಿಗೆ ಹೈದರಾಬಾದಿಗೆ ವರ್ಗವಾಗಬಹುದು, ನೋಡುಗರಿಗೆ ವಾರಿ ಹಳಸಿ ಹಿಮಾಲಯ ಬೇಕಾಗಬಹುದು. ನಡಿಗೆಗೆ ಬಂದ ಹಣ ನಡಿಗೆಯೊಡನೆ ನಿಲ್ಲುತ್ತದೆ. ಕಬ್ಬಿನ ಹಂಗಾಮು ಮಾತ್ರ ನಿಲ್ಲುವುದಿಲ್ಲ. ಮಗುವಿನ ಅಗತ್ಯವನ್ನು ನನ್ನ ಕಾಲಿನಿಂದ ಅಳೆದರೆ, ನನ್ನ ಕಾಲು ಸೋತ ದಿನ ಅದರ ಅಗತ್ಯವೂ ಸುಳ್ಳಾಗುತ್ತದೆ. ಆಯ್ದಕ್ಕಿ ಲಕ್ಕಮ್ಮನ ಕಥೆ ನಮಗೆಲ್ಲ ಗೊತ್ತು. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಎಂದು ಕಳಿಸಿದವಳು ಆಕೆ. ಅವಳ ಅಳತೆಗೋಲು ಮಾರಯ್ಯನ ಬೆವರಲ್ಲ, ಆ ದಿನದ ಅಗತ್ಯ. ನಾವು ತಿರುವುಮುರುವು ಮಾಡಿದ್ದೇವೆ: ಬೆವರು ಹೆಚ್ಚಾದರೆ ಹಣ ಹೆಚ್ಚು, ಅಗತ್ಯ ಎಷ್ಟೆಂಬುದನ್ನು ಕೇಳುವವರಿಲ್ಲ.

ಹಾಗಾಗಿ ನನ್ನ ಮಟ್ಟಿಗೆ ಇಷ್ಟು ನಿಶ್ಚಯವಾಗಿದೆ. ಯಾತ್ರೆಗೆ ಹೊರಟವರು ಹಣ ಕೇಳಬಹುದು, ಸಂಕೋಚವಿಲ್ಲದೆ ಕೇಳಬಹುದು. ಆದರೆ ಕೇಳುವಾಗ ಮುಂದಿಡಬೇಕಾದದ್ದು ಅಗತ್ಯವನ್ನು, ಕಾಲನ್ನಲ್ಲ. ಯಾತ್ರೆ ಅರ್ಧಕ್ಕೆ ನಿಂತರೂ ಕೊಟ್ಟ ಹಣ ಪೂರ್ತಿ ತಲುಪುವ ಹಾಗಿರಬೇಕು. ನಡೆಯುವ ಖರ್ಚು ನಮ್ಮ ಜೇಬಿನದ್ದಾಗಿರಬೇಕು, ಕಾಸುಕಾಸಿನ ಲೆಕ್ಕ ಕೊಟ್ಟವರಿಗೆ ಸಿಗಬೇಕು. ಇನ್ನು ದಾರಿಯಲ್ಲಿ ಕೊಡುವ ಚಹಾ, ಭಾಕರಿಯನ್ನು ಬೇಡವೆನ್ನದೆ ತೆಗೆದುಕೊಳ್ಳಬೇಕು. ಕೊಡಿಸುವುದಷ್ಟೇ ಗೊತ್ತಿದ್ದು ಪಡೆಯುವುದು ಗೊತ್ತಿಲ್ಲದವರು ಎಷ್ಟು ದೂರ ನಡೆದರೂ ತಮ್ಮ ಆಫೀಸಿನಲ್ಲೇ ಇರುತ್ತಾರೆ.

ಅವ್ವನ ಪ್ರಶ್ನೆಗೆ ಉತ್ತರ ಹೇಳಿದೆ: ವಾರಿ ನಡೆದವರದ್ದು, ರೊಕ್ಕ ಮಕ್ಕಳದ್ದು, ಎರಡನ್ನೂ ಕೂಡಿಸಿ ಕಟ್ಟಬಾರದು. “ಹಂಗಂದ್ರ ಸರಿ ಆತು” ಅಂದವಳು, ಆ ಮಕ್ಕಳಿಗೆಂದು ತಾನೂ ಒಂದಿಷ್ಟು ಕಳಿಸಿದಳು. ಏಕಾದಶಿ ಮುಗಿದು ಎಷ್ಟೋ ದಿನವಾಗಿತ್ತು, ನನ್ನ ಕಾಲಿನ ಬೊಕ್ಕೆಗಳೂ ಒಣಗಿದ್ದವು. ದಸರೆಗೆ ಕೋಯ್ತಾಗಳನ್ನು ತುಂಬಿಕೊಂಡು ಬೀಡಿನಿಂದ ಲಾರಿಗಳು ಹೊರಡುತ್ತವೆ. ಆ ಹೊತ್ತಿಗೆ ಯಾರೂ ನಡೆಯುತ್ತಿರುವುದಿಲ್ಲ, ಯಾರ ಫೋಟೊವೂ ಬರುವುದಿಲ್ಲ. ವಸತಿಗೃಹದ ಬಾಗಿಲು ತೆರೆಯುವುದು ಆಗಲೇ.