ಹಾಡು ಯಾರ ಗಂಟಲಿನದು?

ಕ್ರೈಸ್ತ ಬದುಕಿನಲ್ಲಿ ಸಂಗೀತಕ್ಕೆ ಆತ್ಮಿಕ ಶಕ್ತಿಯಿದೆ ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆ ಶಕ್ತಿ ಎಲ್ಲಿದೆ ಎಂಬಲ್ಲಿ ಮಾತ್ರ ತಕರಾರು. ಇಂಪಾದ ರಾಗಕ್ಕೆ ಕಣ್ಣು ತುಂಬಿತೆಂದರೆ ಅದನ್ನೇ ಪವಿತ್ರಾತ್ಮನ ಕೆಲಸ ಎಂದುಬಿಡುವುದು ಸುಲಭ. ಒಳ್ಳೆಯ ರಂಗಗೀತೆಯೂ ಅಷ್ಟು ಮಾಡುತ್ತದೆ. ಗುಬ್ಬಿ ನಾಟಕ ಕಂಪನಿಯನ್ನು ಹೆತ್ತ ಜಿಲ್ಲೆಗೆ ಇದನ್ನು ಹೇಳಿಕೊಡಬೇಕಿಲ್ಲ. ಕ್ರೈಸ್ತ ಸಂಗೀತದ ಬಲವಿರುವುದು ಕೇಳುವವರ ಕಿವಿಯಲ್ಲಲ್ಲ, ಹಾಡುವ ಸಭೆಯ ಗಂಟಲಲ್ಲಿ ಎಂಬುದು ನನ್ನ ವಾದ. ಬೋಧಕರ ಬಾಯಲ್ಲಿದ್ದ ವಾಕ್ಯ ಹಾಡಿನ ಮೂಲಕ ಜನರದಾಗುತ್ತದೆ. ಫಿಲಿಪ್ಪಿಯ ಸೆರೆಮನೆಯಲ್ಲಿ ನಡುರಾತ್ರಿ ಹಾಡಿದ ಪೌಲ ಸೀಲರ ಕಾಲಿಗೆ ಕೋಳವಿತ್ತು, ಮುಂದೆ ವೇದಿಕೆಯಿರಲಿಲ್ಲ. ಕಂಠಸ್ಥವಾದದ್ದಷ್ಟೇ ಅವರ ಆಸ್ತಿ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಬಯಲುಸೀಮೆಗೆ ಈ ಮಾತು ಹೊಸದಲ್ಲ. ಶಿರಾ ಸೀಮೆಯ ಕಾಡುಗೊಲ್ಲರು ಜುಂಜಪ್ಪನ ಕಾವ್ಯವನ್ನು ಗಣೆಯ ನಾದದಲ್ಲಿ ಉಳಿಸಿಕೊಂಡರು; ಅಚ್ಚಿನ ಪುಸ್ತಕ ಬಂದದ್ದು ಎಷ್ಟೋ ತಲೆಮಾರುಗಳ ಮೇಲೆ. ಭಜನೆಯ ತತ್ವಪದ, ಮೂಡಲಪಾಯದ ಪದ ಎಲ್ಲವೂ ಓದು ಬಾರದವರ ನಾಲಗೆಯ ಮೇಲೆಯೇ ಬಾಳಿದವು. ಇಂಥ ನೆಲದಲ್ಲಿ ನಂಬಿಕೆ ಬೇರೂರಬೇಕಾದರೆ ಅದು ಪದವಾಗಲೇಬೇಕು. ವೆಸ್ಲಿಯನ್ ಮಿಷನರಿಗಳು 1837ರಲ್ಲಿ ಪಕ್ಕದ ಗುಬ್ಬಿಗೆ ಬಂದರು. ಅದೇ ಶತಮಾನದಲ್ಲಿ ಬಾಸೆಲ್ ಮಿಷನ್ನಿನ ಮೋಗ್ಲಿಂಗ್ ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ಕಿಟ್ಟೆಲ್ ಇನ್ನೂ ಮುಂದೆ ಹೋದರು. 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ನಮ್ಮ ಪದ್ಯದ ಧಾಟಿಗೆ ತಂದರು, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿದರು. ನಿಘಂಟಿನ ಕಿಟ್ಟೆಲ್‌ರನ್ನು ಎಲ್ಲರೂ ಬಲ್ಲರು, ಛಂದಸ್ಸಿನ ಕಿಟ್ಟೆಲ್‌ರನ್ನು ಸಭೆಗಳೇ ಮರೆತಿವೆ. ಹ್ರಸ್ವ ದೀರ್ಘವಾದರೆ ಅರ್ಥವೇ ಕೆಡುವ ಭಾಷೆ ನಮ್ಮದು. ಗುರು ಲಘು ನೋಡದೆ ಪರದೇಶದ ರಾಗಕ್ಕೆ ಕನ್ನಡವನ್ನು ಎಳೆದು ಕೂರಿಸಿದಾಗ ಬಾಯಿ ಹಾಡುತ್ತದೆ, ಬುದ್ಧಿ ಹಿಂದೆ ಉಳಿಯುತ್ತದೆ. ಆತ್ಮದಿಂದಲೂ ಬುದ್ಧಿಯಿಂದಲೂ ಹಾಡಬೇಕೆಂದು ಕೊರಿಂಥದವರಿಗೆ ಪೌಲ ಬರೆದದ್ದು ಇಲ್ಲಿ ನೆನಪಾಗಬೇಕು. ಪಾವಗಡದ ಸುತ್ತಲಿನ ತೆಲುಗು ಸೀಮೆಗೆ ಪುರುಷೋತ್ತಮ ಚೌಧರಿಯಂಥವರು (1803–1890) ನಾಡಿನ ರಾಗಗಳಲ್ಲೇ ಕೀರ್ತನೆ ಕೊಟ್ಟುಹೋದರು. ಅಂಥ ಕೀರ್ತನೆ ಹೊಲದಲ್ಲೂ ನಿಲ್ಲುತ್ತದೆ.

ಹಾಗಾದರೆ ಅನುವಾದದ ಗೀತೆಗಳನ್ನು ಮನಸಾರೆ ಹಾಡಿ ಸಮಾಧಾನ ಕಂಡ ಹಿರಿಯರ ಭಕ್ತಿ ಸುಳ್ಳೇ ಎಂದು ಕೇಳಬಹುದು. ಸುಳ್ಳಲ್ಲ. ಸಭೆ ಒಟ್ಟಾಗಿ ಹಾಡಿಕೊಂಡು ಬಂದ ಯಾವ ರಾಗವಾದರೂ ಕಾಲಾಂತರದಲ್ಲಿ ಅದರದೇ ಆಗುತ್ತದೆ. ಇದು ನನ್ನ ವಾದಕ್ಕೇ ಪುಷ್ಟಿ. ಇನ್ನು ಕೆಲವರಿಗೆ ಗುಡಿಯ ರಾಗ, ತಮಟೆ, ತಾಳಗಳ ಬಗ್ಗೆ ಮೈಲಿಗೆಯ ಅಳುಕು. ಮಿಷನರಿಗಳ ಜೊತೆ ಬಂದ ಹಾರ್ಮೋನಿಯಂ ಇಂದು ಊರೂರ ಭಜನೆಮನೆಯಲ್ಲಿದೆ. ಅಲ್ಲಿ ಯಾರೂ ಅದಕ್ಕೆ ಚರ್ಚಿನ ಮೈಲಿಗೆ ಹಚ್ಚಲಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯೂ 1963ರಲ್ಲಿ ಆಯಾ ಜನರ ಸಂಗೀತ ಪರಂಪರೆಗೆ ಆರಾಧನೆಯಲ್ಲಿ ಸ್ಥಾನ ಕೊಡಬೇಕೆಂದಿತು.

ಗಟ್ಟಿಯಾದ ಆಕ್ಷೇಪಣೆ ಬೇರೆಯದೇ. ಹಾಡಿನ ಅರ್ಥಕ್ಕಿಂತ ಹಾಡುಗಾರಿಕೆಗೇ ಮನಸೋತರೆ ಅದು ಪಾಪವೆಂದು ಅಗಸ್ಟೀನ್ ಅಳುಕಿದ. ಸ್ವತಃ ಸಂಗೀತಗಾರನಾಗಿದ್ದ ಸುಧಾರಕ ಜ್ವಿಂಗ್ಲಿ 1520ರ ದಶಕದಲ್ಲಿ ಜೂರಿಕ್‌ನ ಆರಾಧನೆಯಿಂದ ಸಂಗೀತವನ್ನೇ ಹೊರಗಿಟ್ಟ. ಬಡವರನ್ನು ತುಳಿಯುವವರ ಹಾಡು ದೇವರಿಗೆ ಬೇಡ ಎಂದು ಪ್ರವಾದಿ ಆಮೋಸನೂ ಗುಡುಗಿದ್ದಾನೆ. ಜ್ವಿಂಗ್ಲಿಯ ಮದ್ದನ್ನು ಮಾತ್ರ ನಾನು ಒಪ್ಪಲಾರೆ, ಅದು ರೋಗದ ಜೊತೆ ರೋಗಿಯನ್ನೂ ಕಳೆಯುತ್ತದೆ. ಆಮೋಸನ ಮಾತಿಗೆ ಎದುರಿಲ್ಲ: ಹಾಡು ನ್ಯಾಯಕ್ಕೆ ಬದಲಿಯಲ್ಲ. ಅಗಸ್ಟೀನನ ಅಳುಕು ಹೆಚ್ಚಾಗಿ ಕೇಳುಗನ ಅಳುಕು. ಪಕ್ಕದವನ ಶ್ರುತಿಗೆ ತನ್ನ ದನಿ ತಗ್ಗಿಸಿ ಹಾಡುವವನಿಗೆ ಸೊಗಸಿನಲ್ಲಿ ಮೈಮರೆಯಲು ಪುರುಸೊತ್ತು ಕಡಿಮೆ.

ಇಂದು ಆ ಅಳುಕಿಗೆ ಕಾರಣವಿದೆ. ಕೀಬೋರ್ಡ್, ಟ್ರ್ಯಾಕ್, ಮೈಕುಗಳ ಅಬ್ಬರದಲ್ಲಿ ನಾಲ್ವರು ಹಾಡಿ ಉಳಿದವರು ಬರೀ ಕೇಳುವ ಆರಾಧನೆ ಎಷ್ಟು ಇಂಪಾಗಿದ್ದರೂ ಕಚೇರಿಯೇ. ಗಾಯನ ನಡೆಸುವವರಲ್ಲಿ ಒಂದು ವಿನಂತಿ: ಮುಂದಿನ ಭಾನುವಾರ ಒಂದು ಹಾಡಿಗಾದರೂ ಮೈಕು ನಿಲ್ಲಿಸಿ, ಪುಸ್ತಕ ಹಿಡಿಯದ ಅಜ್ಜಿಗೂ ಬರುವ ಪದವನ್ನೇ ಆರಿಸಿಕೊಳ್ಳಿ.