ಇಡಿಯಾಗಿ ಉಳಿಯುವ ಹಕ್ಕು: ಆಡ್ರಿ ಲಾರ್ಡ್ ಮತ್ತು ಭಿನ್ನತೆಯ ತತ್ತ್ವ

ತನಗಿಂತ ಬೇರೆಯಾಗಿರುವವರನ್ನು ಎದುರುಗೊಂಡಾಗ ಮನುಷ್ಯ ಸಾಮಾನ್ಯವಾಗಿ ಮೂರು ಹಾದಿಗಳಲ್ಲಿ ಒಂದನ್ನು ಹಿಡಿಯುತ್ತಾನೆ: ಆ ವ್ಯತ್ಯಾಸವನ್ನು ಕಂಡೂ ಕಾಣದಂತೆ ಇರುತ್ತಾನೆ, ಎದುರಿನವರು ಬಲಿಷ್ಠರಾಗಿದ್ದರೆ ಅವರನ್ನು ಅನುಕರಿಸುತ್ತಾನೆ, ದುರ್ಬಲರಾಗಿದ್ದರೆ ಅವರನ್ನು ಅಳಿಸಲು ಹೊರಡುತ್ತಾನೆ. ಬೇರೆಯಾಗಿರುವವರ ಜೊತೆ ಸಮಾನರಾಗಿ ಬಾಳುವ ನಾಲ್ಕನೆಯ ಹಾದಿಯನ್ನು ಯಾವ ಶಾಲೆಯೂ ಯಾವ ಮನೆಯೂ ಕಲಿಸಿಲ್ಲ ಎಂಬುದು ಅಮೆರಿಕದ ಕಪ್ಪು ಕವಯಿತ್ರಿ ಆಡ್ರಿ ಲಾರ್ಡ್ (1934–1992) ಅವರ ಚಿಂತನೆಯ ಆರಂಭಬಿಂದು. ಆ ನಾಲ್ಕನೆಯ ಹಾದಿಯ ಹುಡುಕಾಟವೇ 1984ರಲ್ಲಿ ಪ್ರಕಟವಾದ ಅವರ ‘ಸಿಸ್ಟರ್ ಔಟ್‌ಸೈಡರ್’ ಎಂಬ ಕೃತಿ. 1976ರಿಂದ 1984ರವರೆಗಿನ ಹದಿನೈದು ಪ್ರಬಂಧ, ಭಾಷಣ, ಪತ್ರ ಮತ್ತು ಸಂವಾದಗಳನ್ನು ಒಳಗೊಂಡ ಈ ಪುಸ್ತಕ, ಕಪ್ಪು ಸ್ತ್ರೀವಾದ ಎಂದು ಕರೆಯಲಾಗುವ ಚಿಂತನಾಧಾರೆಯ ಆಧಾರಗ್ರಂಥಗಳಲ್ಲಿ ಒಂದೆಂದು ಇಂದು ಪರಿಗಣಿತವಾಗಿದೆ.

ನ್ಯೂಯಾರ್ಕಿಗೆ ವಲಸೆ ಬಂದ ಕೆರಿಬಿಯನ್ ದಂಪತಿಗಳ ಮಗಳಾಗಿ ಹುಟ್ಟಿ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಗ್ರಂಥಾಲಯ ವಿಜ್ಞಾನ ಓದಿ, ಗ್ರಂಥಪಾಲಕಿಯಾಗಿ ದುಡಿದು, ಮುಂದೆ ಕಾಲೇಜು ಅಧ್ಯಾಪಕಿಯಾದ ಲಾರ್ಡ್ ತಮ್ಮನ್ನು ಕಪ್ಪು ಮಹಿಳೆ, ಲೆಸ್ಬಿಯನ್ (ಅಂದರೆ ಹೆಣ್ಣನ್ನು ಪ್ರೀತಿಸುವ ಹೆಣ್ಣು), ತಾಯಿ, ಹೋರಾಟಗಾರ್ತಿ, ಕವಿ ಎಂದು ಒಂದೇ ಉಸಿರಿನಲ್ಲಿ ಪರಿಚಯಿಸಿಕೊಳ್ಳುತ್ತಿದ್ದರು. ಕೃತಿಯ ಶೀರ್ಷಿಕೆಯಲ್ಲಿ ‘ಸೋದರಿ’ ಮತ್ತು ‘ಹೊರಗಿನವಳು’ ಎಂಬ ಎರಡು ಪದಗಳು ನಡುವೆ ‘ಆದರೆ’ ಎಂಬ ತಡೆಯಿಲ್ಲದೆ ಅಕ್ಕಪಕ್ಕದಲ್ಲಿ ನಿಂತಿರುವುದು ಈ ಕಾರಣಕ್ಕೇ ಅರ್ಥಪೂರ್ಣವಾಗಿದೆ. ಬಿಳಿಯರ ಸ್ತ್ರೀವಾದಿ ಸಭೆಯಲ್ಲಿ ಕಪ್ಪು ಬಣ್ಣದವರೆಂದು, ಕಪ್ಪು ಜನರ ವಿಮೋಚನಾ ಚಳವಳಿಯಲ್ಲಿ ಹೆಣ್ಣೆಂದು, ಎರಡೂ ಕಡೆ ಲೆಸ್ಬಿಯನ್ ಎಂದು ಹೊರಗಿನವರಾಗುತ್ತಿದ್ದ ಅವರು, ಆಯಾ ಸಭೆಗೆ ಒಪ್ಪುವ ತುಂಡನ್ನು ಮಾತ್ರ ಹೊತ್ತು ತಂದು ಉಳಿದದ್ದನ್ನು ಬಾಗಿಲಲ್ಲಿ ಬಿಟ್ಟುಬರಲು ಒಪ್ಪಲಿಲ್ಲ. ಹೀಗೆ ಒಂದೊಂದು ತುಂಡನ್ನು ಆರಿಸಿ ತೋರಿಸುತ್ತ ಬದುಕುವುದು ಮನುಷ್ಯನ ಚೈತನ್ಯವನ್ನು ಸೀಳಿಬಿಡುತ್ತದೆ, ಇಡಿಯಾಗಿ ನಿಂತಾಗ ಮಾತ್ರ ಶಕ್ತಿಯ ಎಲ್ಲ ಸೆಲೆಗಳೂ ಒಂದು ಕಡೆಗೆ ಹರಿಯುತ್ತವೆ ಎಂಬುದು ಅವರ ವಾದ.

1980ರ ಏಪ್ರಿಲಿನಲ್ಲಿ ಆಮ್‌ಹರ್ಸ್ಟ್ ಕಾಲೇಜಿನಲ್ಲಿ ಮಂಡಿಸಿದ ಪ್ರಬಂಧವೊಂದರಲ್ಲಿ ಈ ವಾದಕ್ಕೆ ಒಂದು ತಾತ್ತ್ವಿಕ ಚೌಕಟ್ಟು ಸಿಗುತ್ತದೆ. ಪ್ರತಿಯೊಂದು ಸಮಾಜವೂ ‘ಸಹಜ ಮನುಷ್ಯ’ ಯಾರೆಂಬುದರ ಬಗ್ಗೆ ಒಂದು ಕಲ್ಪಿತ ಮಾನದಂಡವನ್ನು ಇಟ್ಟುಕೊಂಡಿರುತ್ತದೆ. ಅಮೆರಿಕದಲ್ಲಿ ಆ ಮನುಷ್ಯ ಬಿಳಿಯ, ಗಂಡಸು, ತೆಳ್ಳಗಿನ ತರುಣ, ಕ್ರೈಸ್ತ, ಹೆಣ್ಣನ್ನೇ ಬಯಸುವವ, ಕೈಯಲ್ಲಿ ಕಾಸುಳ್ಳವ. ಈ ಮಾನದಂಡದಿಂದ ಒಂದು ವಿಷಯದಲ್ಲಿ ಮಾತ್ರ ದೂರವಿರುವವರು ಆ ಒಂದನ್ನೇ ಎಲ್ಲ ದಬ್ಬಾಳಿಕೆಯ ಮೂಲವೆಂದು ಭಾವಿಸಿ, ಉಳಿದ ವಿಷಯಗಳಲ್ಲಿ ತಾವೂ ಆ ಮಾನದಂಡದ ಫಲಾನುಭವಿಗಳೆಂಬುದನ್ನು ಮರೆಯುತ್ತಾರೆ. ಬಿಳಿಯ ಮಧ್ಯಮವರ್ಗದ ಮಹಿಳೆ ಹೆಣ್ತನವೊಂದನ್ನೇ ನೋಡಿ ‘ಸೋದರಿತ್ವ’ ಎಂದು ಸಾರುವಾಗ, ಬಣ್ಣ, ವರ್ಗ, ವಯಸ್ಸುಗಳು ತಮ್ಮನ್ನು ಬೇರೆ ಹೆಂಗಸರಿಂದ ಹೇಗೆ ಬೇರ್ಪಡಿಸಿವೆ ಎಂಬುದು ಅವರ ಕಣ್ಣಿಗೆ ಬೀಳದೆ ಹೋಗುವುದು ಹೀಗೆ. ಲಾರ್ಡ್ ಅವರ ಪ್ರಕಾರ ಜನರನ್ನು ಒಡೆಯುವುದು ವ್ಯತ್ಯಾಸವನ್ನು ಹೆಸರಿಸುವ ಮಾತಲ್ಲ. ಅದನ್ನು ಮೇಲು-ಕೀಳಿನ ಏಣಿಯನ್ನಾಗಿ ಮಾಡಿ, ಅನಂತರ ಆ ಏಣಿ ಇಲ್ಲವೇ ಇಲ್ಲ ಎನ್ನುವ ಹಟವೇ ಒಡೆಯುತ್ತದೆ.

ಈ ಚಿಂತನೆ ಲಾರ್ಡ್ ಒಬ್ಬರದೇ ಆಗಿರಲಿಲ್ಲ. 1977ರಲ್ಲಿ ಬಾಸ್ಟನ್ನಿನ ಕಪ್ಪು ಸ್ತ್ರೀವಾದಿಗಳ ಕೊಂಬಾಹೀ ರಿವರ್ ಕಲೆಕ್ಟಿವ್ ಎಂಬ ಗುಂಪು ಹೊರಡಿಸಿದ ಹೇಳಿಕೆಯೂ ದಬ್ಬಾಳಿಕೆಯ ವ್ಯವಸ್ಥೆಗಳು ಒಂದರೊಳಗೊಂದು ಹೆಣೆದುಕೊಂಡಿವೆ ಎಂದು ಸಾರಿತ್ತು. 1863ರಲ್ಲಿ ಗುಲಾಮಗಿರಿ ವಿರೋಧಿ ಹೋರಾಟಗಾರ್ತಿ ಹ್ಯಾರಿಯೆಟ್ ಟಬ್‌ಮನ್ ಗುಲಾಮರನ್ನು ಬಿಡಿಸಲು ದಾಳಿ ನಡೆಸಿದ ನದಿಯ ಹೆಸರನ್ನು ಆ ಗುಂಪು ಇಟ್ಟುಕೊಂಡಿತ್ತು. ಇದೇ ಹೊಳಹಿಗೆ ‘ಇಂಟರ್‌ಸೆಕ್ಷನಾಲಿಟಿ’ ಎಂಬ ಹೆಸರು ಬಂದದ್ದು ಲಾರ್ಡ್ ಅವರ ಪುಸ್ತಕ ಪ್ರಕಟವಾಗಿ ಐದು ವರ್ಷಗಳ ಅನಂತರ, 1989ರಲ್ಲಿ, ಕಾನೂನು ವಿದ್ವಾಂಸೆ ಕಿಂಬರ್ಲಿ ಕ್ರೆನ್‌ಶಾ ಅವರ ಲೇಖನದಿಂದ. ಜನರಲ್ ಮೋಟಾರ್ಸ್ ಕಂಪನಿಯ ವಿರುದ್ಧ ಐವರು ಕಪ್ಪು ಮಹಿಳೆಯರು ಹೂಡಿದ್ದ, 1976ರಲ್ಲಿ ತೀರ್ಪು ಬಂದ ಮೊಕದ್ದಮೆಯನ್ನು ಅವರು ಉದಾಹರಣೆಯಾಗಿ ಎತ್ತಿಕೊಂಡರು. 1964ಕ್ಕೆ ಮೊದಲು ಕಪ್ಪು ಮಹಿಳೆಯರನ್ನು ಕೆಲಸಕ್ಕೇ ತೆಗೆದುಕೊಳ್ಳದ ಕಡೆ, ಸೇವಾ ಹಿರಿತನದ ಪ್ರಕಾರ ಕೆಲಸದಿಂದ ತೆಗೆಯುವ ನಿಯಮ ಜಾರಿಯಾದಾಗ ಮೊದಲು ಹೊರಬಿದ್ದವರು ಅವರೇ. ಹೆಂಗಸರು ಅಲ್ಲಿ ಮೊದಲಿಂದಲೂ ಇದ್ದರು, ಆದ್ದರಿಂದ ಲಿಂಗ ತಾರತಮ್ಯವಿಲ್ಲ ಎಂದ ನ್ಯಾಯಾಲಯ, ಜನಾಂಗೀಯ ತಾರತಮ್ಯದ ದೂರನ್ನು ಬೇರೊಂದು ಮೊಕದ್ದಮೆಗೆ ಸೇರಿಸಿಕೊಳ್ಳಬಹುದು ಎಂದಿತು. ಎರಡನ್ನೂ ಕೂಡಿಸಿ ಕೇಳುವ ಅವಕಾಶವನ್ನು ಮಾತ್ರ ಕೊಡಲಿಲ್ಲ. ಅಲ್ಲಿದ್ದ ಹೆಂಗಸರು ಬಿಳಿಯರಾಗಿದ್ದರು ಎಂಬ ಸಂಗತಿ ಆ ತರ್ಕದ ಜರಡಿಯಲ್ಲಿ ಸೋರಿಹೋಯಿತು.

ಎರಡು ರಸ್ತೆಗಳು ಕೂಡುವ ಜಾಗದಲ್ಲಿ ನಿಂತವರಿಗೆ ಯಾವ ದಿಕ್ಕಿನಿಂದಲೂ ವಾಹನ ಬಂದು ಬಡಿಯಬಹುದು ಎಂಬ ಚಿತ್ರದಿಂದ ಕ್ರೆನ್‌ಶಾ ತಮ್ಮ ಪದವನ್ನು ವಿವರಿಸಿದರು. ಇದನ್ನು ಕೂಡುವ ಲೆಕ್ಕವೆಂದು ತಿಳಿಯಬಾರದು. ಹೆಣ್ಣಾದ್ದರಿಂದ ಒಂದು ಪಾಲು ಕಷ್ಟ, ಕಪ್ಪಾದ್ದರಿಂದ ಇನ್ನೊಂದು ಪಾಲು ಎಂದು ಒಟ್ಟು ಹಾಕಿದರೆ ಸಿಗುವ ಮೊತ್ತಕ್ಕೂ ಕಪ್ಪು ಮಹಿಳೆಯೊಬ್ಬರ ಅನುಭವಕ್ಕೂ ಸಂಬಂಧ ಕಡಿಮೆ, ಏಕೆಂದರೆ ಹಾಲಿಗೆ ಹೆಪ್ಪು ಬಿದ್ದ ಮೇಲೆ ಹಾಲು ಎಲ್ಲಿ, ಹೆಪ್ಪು ಎಲ್ಲಿ ಎಂದು ತೋರಿಸಲು ಹೇಗೆ ಬಾರದೋ ಹಾಗೆಯೇ ಆ ಅನುಭವದ ಒಂದೊಂದು ಅಂಶವೂ ಇನ್ನೊಂದರ ಗುಣವನ್ನೇ ಬದಲಿಸಿರುತ್ತದೆ.

ಲಾರ್ಡ್ ಅವರ ಅತ್ಯಂತ ಪ್ರಸಿದ್ಧ ಬರಹ ಹುಟ್ಟಿದ್ದು 1979ರ ಸೆಪ್ಟೆಂಬರ್ 29ರಂದು, ಫ್ರೆಂಚ್ ಚಿಂತಕಿ ಸಿಮೋನ್ ದ ಬೋವಾ ಅವರ ‘ದ ಸೆಕೆಂಡ್ ಸೆಕ್ಸ್’ ಕೃತಿಗೆ ಮೂವತ್ತು ವರ್ಷ ತುಂಬಿದ ನೆನಪಿಗೆ ನ್ಯೂಯಾರ್ಕಿನಲ್ಲಿ ಏರ್ಪಟ್ಟ ಸಮ್ಮೇಳನದಲ್ಲಿ. ಇಡೀ ಸಮ್ಮೇಳನದಲ್ಲಿ ಕಪ್ಪು ಸ್ತ್ರೀವಾದಿಗಳಿಗೂ ಲೆಸ್ಬಿಯನ್ನರಿಗೂ ಮಾತಿಗೆ ಅವಕಾಶವಿದ್ದದ್ದು ಒಂದೇ ಗೋಷ್ಠಿಯಲ್ಲಿ. ಅಲ್ಲಿ ಕುಳಿತಿದ್ದ ಇಬ್ಬರು ಕಪ್ಪು ಮಹಿಳೆಯರನ್ನು ಕರೆದದ್ದೂ ಕೊನೆಯ ಗಳಿಗೆಯಲ್ಲಿ. ವೇದಿಕೆಯಿಂದಲೇ ಇದನ್ನು ಎತ್ತಿ ಆಡಿದ ಲಾರ್ಡ್, ಸ್ತ್ರೀವಾದದ ಸಿದ್ಧಾಂತ ಚರ್ಚಿಸಲು ಬಂದಿರುವವರ ಮನೆಗಳನ್ನು ಆ ಹೊತ್ತಿನಲ್ಲಿ ಗುಡಿಸುತ್ತಿರುವವರು, ಅವರ ಮಕ್ಕಳನ್ನು ನೋಡಿಕೊಳ್ಳುತ್ತಿರುವವರು ಬಹುಪಾಲು ಬಡ ಹೆಂಗಸರು ಮತ್ತು ಬಿಳಿಯರಲ್ಲದ ಹೆಂಗಸರು, ಅವರ ಬದುಕಿಗೆ ನಿಮ್ಮ ಸಿದ್ಧಾಂತದಲ್ಲಿ ಎಲ್ಲಿ ಜಾಗವಿದೆ ಎಂದು ಕೇಳಿದರು. ಆ ಪ್ರಶ್ನೆಗೆ ಇಂದಿಗೂ ಮುಪ್ಪು ಬಂದಿಲ್ಲ.

ಯಜಮಾನನ ಹತಾರಗಳಿಂದ ಯಜಮಾನನ ಮನೆಯನ್ನು ಎಂದಿಗೂ ಕೆಡವಲಾಗದು ಎಂಬ ಅರ್ಥದ ಆ ಭಾಷಣದ ಶೀರ್ಷಿಕೆ ಘೋಷಣೆಯಾಗಿ ಜಗತ್ತನ್ನೆಲ್ಲ ಸುತ್ತಿದೆ, ಮತ್ತು ಸುತ್ತುವಾಗ ಒಂದಿಷ್ಟು ಅರ್ಥವನ್ನು ಕಳೆದುಕೊಂಡಿದೆ. ಆಳುವವರ ಭಾಷೆ, ವಿದ್ಯೆ, ಸಂಸ್ಥೆಗಳನ್ನೆಲ್ಲ ತೊರೆಯಬೇಕೆಂದು ಲಾರ್ಡ್ ಹೇಳಿದರೆಂದು ಕೆಲವರು ಓದಿಕೊಳ್ಳುತ್ತಾರೆ. ಬದುಕೆಲ್ಲ ಇಂಗ್ಲಿಷಿನಲ್ಲಿ ಬರೆದ, ಗ್ರಂಥಾಲಯಗಳಲ್ಲಿ ದುಡಿದ, ಕಾಲೇಜುಗಳಲ್ಲಿ ಪಾಠ ಹೇಳಿದ ಲೇಖಕಿಯೊಬ್ಬರ ಮಾತನ್ನು ಹಾಗೆ ಅರ್ಥಮಾಡುವುದು ಸರಿಯಲ್ಲ. ಆ ಭಾಷಣವನ್ನು ಪೂರ್ತಿಯಾಗಿ ಓದಿದರೆ ‘ಹತಾರ’ ಎಂಬುದು ಅಲ್ಲಿ ಒಂದು ನಿರ್ದಿಷ್ಟ ಅಭ್ಯಾಸವನ್ನು ಸೂಚಿಸುತ್ತದೆ: ಒಂದು ಗುಂಪನ್ನು ಕೇಂದ್ರದಲ್ಲಿ ಕೂರಿಸಿ ಉಳಿದವರನ್ನು ಬೇಲಿಯಾಚೆ ಇಡುವುದು, ಅನಂತರ ಬೇಲಿಯಾಚೆಯವರೇ ಬಂದು ತಮ್ಮ ನೋವನ್ನು ಒಳಗಿನವರಿಗೆ ಬಿಡಿಸಿ ಹೇಳಬೇಕೆಂದು ನಿರೀಕ್ಷಿಸುವುದು. ಗಂಡಸರ ಆಳ್ವಿಕೆ ಬಳಸಿದ ಈ ಅಭ್ಯಾಸವನ್ನೇ ಸ್ತ್ರೀವಾದವೂ ಎರವಲು ಪಡೆದರೆ ಅಲ್ಪಸ್ವಲ್ಪ ಸುಧಾರಣೆಯಾದೀತೇ ಹೊರತು ಮನೆಯ ಬುನಾದಿ ಅಲುಗುವುದಿಲ್ಲ.

ಇದೇ ಆಕ್ಷೇಪದ ಇನ್ನೊಂದು ರೂಪ ಅದೇ ವರ್ಷದ ಮೇ ತಿಂಗಳಲ್ಲಿ ದಾರ್ಶನಿಕೆ ಮೇರಿ ಡೇಲಿ ಅವರಿಗೆ ಬರೆದ ಪತ್ರದಲ್ಲಿದೆ. ಡೇಲಿ 1978ರ ತಮ್ಮ ‘ಗೈನ್/ಇಕಾಲಜಿ’ ಗ್ರಂಥದಲ್ಲಿ ಹೆಣ್ಣಿನ ದೈವೀ ಶಕ್ತಿಗೆ ಯುರೋಪಿನ ದೇವತೆಗಳನ್ನೇ ನಿದರ್ಶನವಾಗಿ ತಂದು, ಆಫ್ರಿಕದ ಹೆಂಗಸರನ್ನು ಜನನಾಂಗ ಛೇದನದ ಬಲಿಪಶುಗಳಾಗಿ ಮಾತ್ರ ಚಿತ್ರಿಸಿದ್ದರು. ನಮ್ಮ ಪರಂಪರೆಯ ದೇವತೆಗಳೂ ವೀರವನಿತೆಯರೂ ಎಲ್ಲಿ ಹೋದರು ಎಂದು ಲಾರ್ಡ್ ಕೇಳಿದರು. ಉತ್ತರ ಬರಲಿಲ್ಲವೆಂದು ತಿಳಿಸಿ ಅವರು ಪತ್ರವನ್ನು ಬಹಿರಂಗಗೊಳಿಸಿದರು; ಡೇಲಿ ಉತ್ತರಿಸಿದ್ದರೆಂಬುದಕ್ಕೆ ಸಾಕ್ಷಿ ಲಾರ್ಡ್ ಅವರ ನಿಧನಾನಂತರ ಅವರದೇ ಕಾಗದಪತ್ರಗಳಲ್ಲಿ ದೊರೆತಿದೆ ಎಂಬುದನ್ನೂ ನ್ಯಾಯದ ದೃಷ್ಟಿಯಿಂದ ಇಲ್ಲಿ ಹೇಳಬೇಕು. ಭಾರತದ ಓದುಗರಿಗೆ ಈ ವಿವಾದ ದೂರದ್ದಲ್ಲ. ಅದೇ ಗ್ರಂಥದಲ್ಲಿ ಭಾರತದ ಸತಿ ಪದ್ಧತಿಯ ಬಗೆಗೂ ಒಂದು ಅಧ್ಯಾಯವಿದ್ದು, ಅದು ಕಾಲ, ಪ್ರದೇಶ, ಸಮುದಾಯಗಳ ಭೇದವನ್ನು ಮರೆತು ಭಾರತೀಯ ಹೆಂಗಸರನ್ನು ನೋಡಿದೆ ಎಂದು ದಾರ್ಶನಿಕೆ ಉಮಾ ನಾರಾಯಣ್ 1997ರ ‘ಡಿಸ್‌ಲೊಕೇಟಿಂಗ್ ಕಲ್ಚರ್ಸ್’ ಕೃತಿಯಲ್ಲಿ ವಿಸ್ತಾರವಾಗಿ ಟೀಕಿಸಿದ್ದಾರೆ.

ಇಂಥ ಕಟುವಾದ ಪ್ರಶ್ನೆಗಳಿಗೆ ಲಾರ್ಡ್ ಅವರ ಎದುರಿಗಿದ್ದವರು ಬಹಳ ಸಲ ಕೊಟ್ಟ ಉತ್ತರ, ಇಷ್ಟು ಸಿಟ್ಟು ಬೇಡ ಎಂಬುದು. 1981ರಲ್ಲಿ ಕನೆಕ್ಟಿಕಟ್‌ನ ಸ್ಟೋರ್ಸ್‌ನಲ್ಲಿ ಮಾಡಿದ ಭಾಷಣದಲ್ಲಿ ಅವರು ಸಿಟ್ಟಿಗೂ ದ್ವೇಷಕ್ಕೂ ನಡುವೆ ಗೆರೆ ಎಳೆದರು: ದ್ವೇಷ ಎದುರಿನವರ ನಾಶವನ್ನು ಬಯಸುತ್ತದೆ, ಸಿಟ್ಟು ಸಮಾನರ ನಡುವೆ ಕೆಟ್ಟುಹೋದ ಸಂಬಂಧ ಬದಲಾಗಬೇಕೆಂದು ಬಯಸುತ್ತದೆ. ಅಲ್ಲಿ ಅವರು ನೀಡುವ ನಿದರ್ಶನಗಳಲ್ಲಿ ಒಂದು ಸಣ್ಣದಾದರೂ ಮರೆಯಲಾಗದ್ದು. 1967ರಲ್ಲಿ ಈಸ್ಟ್‌ಚೆಸ್ಟರಿನ ಸೂಪರ್‌ಮಾರ್ಕೆಟ್ಟಿನಲ್ಲಿ ಎರಡು ವರ್ಷದ ಮಗಳನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಹೋಗುತ್ತಿದ್ದಾಗ, ಬಿಳಿಯ ಹುಡುಗಿಯೊಬ್ಬಳು ಆ ಮಗುವನ್ನು ನೋಡಿ, ಪುಟ್ಟ ಮನೆಗೆಲಸದವಳು ಎಂದು ತನ್ನ ತಾಯಿಗೆ ಸಂಭ್ರಮದಿಂದ ತೋರಿಸುತ್ತಾಳೆ. ತಾಯಿ ಮಗಳ ಬಾಯಿ ಮುಚ್ಚಿಸುತ್ತಾಳೆ, ತಪ್ಪನ್ನು ತಿದ್ದುವುದಿಲ್ಲ. ಆ ತಿದ್ದದೆ ಉಳಿದ ಮೌನವೇ ದೊಡ್ಡವರ ಸಮ್ಮೇಳನಗಳಲ್ಲಿ ಮುಜುಗರದ ನಗುವಾಗಿ ಮರಳುತ್ತದೆ ಎಂಬುದು ಲಾರ್ಡ್ ಅವರ ನಿದಾನ. ಅಪರಾಧಿಭಾವವನ್ನೂ ಅವರು ಸುಲಭಕ್ಕೆ ಒಪ್ಪಲಿಲ್ಲ, ಏಕೆಂದರೆ ತನ್ನ ತಪ್ಪನ್ನು ನೆನೆದು ಕೊರಗುವವರು ಎಷ್ಟೋ ಸಲ ಕೊರಗಿನಲ್ಲೇ ಉಳಿದು, ಮಾಡಬೇಕಾದ ಕೆಲಸದ ಕಡೆಗೆ ತಿರುಗುವುದಿಲ್ಲ.

ವರ್ಗಭೇದದ ಬಗ್ಗೆ ಈ ಪುಸ್ತಕ ಆಡುವ ಮಾತು ಅಷ್ಟು ಪ್ರಸಿದ್ಧವಾಗಿಲ್ಲ, ಆದರೆ ಬರವಣಿಗೆಯಲ್ಲಿ ಆಸಕ್ತಿಯುಳ್ಳವರಿಗೆ ಅದೇ ಅತ್ಯಂತ ಬೆಲೆಯುಳ್ಳದ್ದು. ಮಹಿಳಾ ಪತ್ರಿಕೆಯೊಂದು ಕವಿತೆ ಗದ್ಯದಷ್ಟು ಗಂಭೀರ ಪ್ರಕಾರವಲ್ಲವೆಂದು ಬಗೆದು ಒಂದು ಸಂಚಿಕೆಯನ್ನು ಗದ್ಯಕ್ಕೇ ಮೀಸಲಿಟ್ಟಾಗ, ಪ್ರಕಾರದ ಆಯ್ಕೆಯೂ ವರ್ಗದ ಪ್ರಶ್ನೆಯೇ ಎಂದು ಲಾರ್ಡ್ ತೋರಿಸಿದರು. ಕಾದಂಬರಿಗೆ ಸ್ವಂತ ಕೋಣೆ ಸಾಲದು, ಕಂತೆಗಟ್ಟಲೆ ಕಾಗದ, ಟೈಪ್‌ರೈಟರ್, ಬಿಡುವು ಎಲ್ಲವೂ ಬೇಕು. ಕವಿತೆಯನ್ನಾದರೋ ಪಾಳಿಯಿಂದ ಪಾಳಿಗೆ ನಡುವಿನ ಹೊತ್ತಿನಲ್ಲಿ, ಸುರಂಗ ರೈಲಿನಲ್ಲಿ, ಸಿಕ್ಕಿದ ಚೂರು ಕಾಗದದ ಮೇಲೆ ಬರೆಯಬಹುದು. 1977ರ ಇನ್ನೊಂದು ಪ್ರಬಂಧದಲ್ಲಿ ಕವಿತೆಯನ್ನು ಐಷಾರಾಮವೆಂದು ತಿಳಿಯಬಾರದೆಂದು ಅವರು ವಾದಿಸಿದ್ದರು. ಇನ್ನೂ ಹೆಸರಿಲ್ಲದ ಅನುಭವಕ್ಕೆ ಮೊದಲು ಹೆಸರು ಸಿಗುವುದು ಕವಿತೆಯಲ್ಲಿ, ಹೆಸರು ಸಿಕ್ಕ ಮೇಲೆ ಅದು ವಿಚಾರವಾಗುತ್ತದೆ, ವಿಚಾರದಿಂದ ಕ್ರಿಯೆ ಹುಟ್ಟುತ್ತದೆ ಎಂಬ ಆ ಜ್ಞಾನಮೀಮಾಂಸೆಯು, ಅಂದರೆ ಅರಿವು ಹೇಗೆ ಉಂಟಾಗುತ್ತದೆಂಬ ವಿವರಣೆಯು, ಈ ವರ್ಗಪ್ರಜ್ಞೆಯ ಜೊತೆ ಸೇರಿದಾಗ ಪೂರ್ಣವಾಗುತ್ತದೆ.

ತಮ್ಮ ಬಳಗವನ್ನೂ ಲಾರ್ಡ್ ಇದೇ ಅಳತೆಗೋಲಿನಿಂದ ಅಳೆದರು. ಹತ್ತು ವರ್ಷ ದಾಟಿದ ಹುಡುಗರಿಗೆ ಪ್ರವೇಶವಿಲ್ಲವೆಂದ ಲೆಸ್ಬಿಯನ್ ಸಮ್ಮೇಳನವೊಂದಕ್ಕೆ ಹದಿಹರೆಯದ ಮಗನ ತಾಯಿಯಾಗಿ ಅವರು ಆಕ್ಷೇಪಣೆ ಬರೆದರು. ಹೆಣ್ಣುಮಕ್ಕಳ ಜಗತ್ತನ್ನು ಮಾತ್ರ ಕಟ್ಟುತ್ತೇವೆಂದರೆ ಗಂಡುಮಗುವಿಗೆ ಭಾವನೆಗಳನ್ನು ಅಂಜದೆ ಅನುಭವಿಸಲು ಕಲಿಸುವವರು ಯಾರು ಎಂಬುದು ಅವರ ಕಳವಳ.

ಪುಸ್ತಕದ ಕೊನೆಯ ಬರಹ, ಉಳಿದ ಪುಟಗಳ ಅಚ್ಚುಮೊಳೆ ಜೋಡಣೆ ನಡೆಯುತ್ತಿದ್ದಾಗಲೇ ಬರೆದು ಸೇರಿಸಿದ್ದು. 1983ರ ಅಕ್ಟೋಬರಿನಲ್ಲಿ ಅಮೆರಿಕ ಗ್ರೆನಡಾ ದ್ವೀಪದ ಮೇಲೆ ದಾಳಿ ಮಾಡಿದ ಎರಡು ತಿಂಗಳೊಳಗೆ ಲಾರ್ಡ್ ಅಲ್ಲಿಗೆ ಹೋದರು. ಅದು ಅವರ ತಂದೆತಾಯಿ ಸುಮಾರು ಅರವತ್ತು ವರ್ಷಗಳ ಹಿಂದೆ ಬಿಟ್ಟುಬಂದ ನಾಡು. ಬಣ್ಣದಿಂದಲೂ ಬೇರಿನಿಂದಲೂ ಅವರು ದಾಳಿಗೊಳಗಾದವರ ಕಡೆಯವರು, ಪೌರತ್ವದಿಂದ ದಾಳಿ ಮಾಡಿದ ದೇಶದವರು, ಮತ್ತು ದಾಳಿಯ ಸೈನ್ಯದಲ್ಲಿ ಅಮೆರಿಕದ ಕಪ್ಪು ತರುಣರೂ ಇದ್ದರು. ದಬ್ಬಾಳಿಕೆಗೆ ಒಳಗಾದವರು ಎಂಬ ಗುರುತಿನೊಳಗೇ ದಬ್ಬಾಳಿಕೆಯ ಪಾಲುದಾರಿಕೆಯೂ ಅಡಗಿರಬಲ್ಲದು ಎಂಬುದನ್ನು ಆ ವರದಿ ಸಮುದ್ರದಂಡೆಯ ಆ ಸಣ್ಣ ನಾಡಿನ ಜನ ತಮ್ಮ ರಸ್ತೆಗಳಲ್ಲಿ ಪರದೇಶದ ಸೈನಿಕರನ್ನು ನೋಡುತ್ತ ನಿಂತ ದಿನಗಳ ಮೂಲಕ ದಾಖಲಿಸುತ್ತದೆ.